ಜೀರಿಗೆಯ ಹನ್ನೆರಡನೇ ಮೊಟ್ಟೆ

ಬೆಳಗ್ಗೆ ಪಂಜರದ ಮೇಲಿನ ಬಟ್ಟೆ ತೆಗೆದಾಗ ಜೀರಿಗೆ ಕೋಲಿನ ಮೇಲೆ ಇರ್ಲಿಲ್ಲ.

ಕೆಳಗಡೆ ಪೇಪರ್ ಮೇಲೆ, ಒಂದು ಮೂಲೇಲಿ ಕೂತಿದ್ಲು. ಮೈಯೆಲ್ಲ ಉಬ್ಬಿಸ್ಕೊಂಡು, ಕಣ್ಣು ಅರ್ಧ ಮುಚ್ಕೊಂಡು. ಉಸಿರು ಎಳೆದಾಗೆಲ್ಲ ಬಾಲ ಮೇಲೆ ಕೆಳಗೆ ಆಡ್ತಾ ಇತ್ತು. ಬೆರಳು ಕೊಟ್ಟೆ. ಹತ್ತಲಿಲ್ಲ. ದಿನಾ ಬೆರಳು ಕಂಡ ತಕ್ಷಣ ಹತ್ತಿ, ನನ್ನ ಕಿವಿ ಓಲೆ ಕಚ್ಚೋಳು. ಅವತ್ತು ನನ್ನ ಮುಖ ಕೂಡ ನೋಡ್ಲಿಲ್ಲ.

ಜೀರಿಗೆ ನಮ್ಮನೆ ಕಾಕಟೀಲ್. ಗಿಣಿ ಜಾತೀದೇ, ಆದ್ರೆ ಗಿಣಿಗಿಂತ ಸಣ್ಣದು. ತಲೆ ಮೇಲೆ ಜುಟ್ಟು, ಕೆನ್ನೆ ಮೇಲೆ ಕಿತ್ತಳೆ ಬೊಟ್ಟು, ಮೈ ಜೀರಿಗೆ ಬಣ್ಣ. ಗುಬ್ಬೀಲಿರೋ ಚಿಕ್ಕಪ್ಪ ಅವ್ರ ಮನೇಲಿ ನೋಡ್ಕೊಳ್ಳಕ್ಕೆ ಯಾರೂ ಇಲ್ಲ ಅಂತ ಎರಡು ವರ್ಷದ ಹಿಂದೆ ನನಗೆ ಕೊಟ್ಟಿದ್ರು. ಹೆಸರಿಟ್ಟಾಗ ಅಮ್ಮ, "ಒಗ್ಗರಣೆಗೆ ಹಾಕೋದನ್ನ ಹಕ್ಕಿಗೆ ಇಟ್ಟಿದ್ದೀಯಲ್ಲೇ" ಅಂದಿದ್ರು. ಆಮೇಲೆ ನನಗಿಂತ ಜಾಸ್ತಿ ಸಲ ಆ ಹೆಸರು ಕರೆದಿದ್ದು ಅಮ್ಮಾನೇ.

ಒಂದು ವಿಷಯ ಮೊದ್ಲೇ ಹೇಳ್ಬಿಡ್ತೀನಿ. ನನಗೆ ಕಾಕಟೀಲ್ ಬಗ್ಗೆ ಎಲ್ಲಾ ಗೊತ್ತು ಅನ್ಕೊಂಡಿದ್ದೆ. ಕಾಲೇಜ್ ಮುಗಿಸ್ಕೊಂಡು ಶಿರಾ ಗೇಟ್ ಹತ್ರ ಬ್ರೌಸಿಂಗ್ ಸೆಂಟರಲ್ಲಿ ಕೂತು ಸಿಕ್ಕಿದ್ದೆಲ್ಲ ಓದಿ ಪ್ರಿಂಟ್ ತೆಗೆಸ್ತಿದ್ದೆ. ಒಂದು ಫೈಲ್ ತುಂಬ ಇತ್ತು. ಜುಟ್ಟು ನೆಟ್ಟಗಿದ್ರೆ ಗಾಬರಿ, ಸ್ವಲ್ಪ ಹಿಂದಕ್ಕೆ ವಾಲಿದ್ರೆ ಸಮಾಧಾನ, ತಲೆಗೆ ಅಂಟಿದ್ರೆ ಸಿಟ್ಟು, ಕೊಕ್ಕು ಮಸೀತಾ ಇದ್ರೆ ನಿದ್ದೆ ಬರ್ತಿದೆ. ಸಾಂಬ್ರಾಣಿ ಹೊಗೆ ಆಗಲ್ಲ ಅಂತ ಓದಿ, ಶುಕ್ರವಾರ ಪೂಜೆ ಟೈಮಲ್ಲಿ ಪಂಜರ ಎತ್ಕೊಂಡು ಮಹಡಿಗೆ ಓಡೋಳು ನಾನು. ಮರಿ ಮಾಡಿಸೋ ಭಾಗ ಮಾತ್ರ ಪ್ರಿಂಟ್ ತೆಗೆಸಿರ್ಲಿಲ್ಲ. ನಮ್ಮನೇಲಿ ಇದ್ದಿದ್ದು ಒಂದೇ ಹಕ್ಕಿ. ಅದೆಲ್ಲ ನಮಗ್ಯಾಕೆ ಅನ್ಕೊಂಡೆ.

ಅಲ್ಲೇ ತಪ್ಪಿದ್ದು.

ಅವತ್ತಿಗೆ ಒಂದು ತಿಂಗಳ ಹಿಂದೆ ಜೀರಿಗೆ ಮೊದಲ್ನೇ ಮೊಟ್ಟೆ ಇಟ್ಟಿದ್ಲು. ಅಮ್ಮ ಹಾಲಲ್ಲೇ ಟೈಲರಿಂಗ್ ಮಾಡ್ತಾರೆ. ಮಿಷಿನ್ ಕೆಳಗೆ ಚೂರು ಬಟ್ಟೆ ಹಾಕೋ ರಟ್ಟಿನ ಡಬ್ಬ ಇದೆ. ಆಚೆ ಬಿಟ್ಟಾಗೆಲ್ಲ ಜೀರಿಗೆ ಅದರೊಳಗೆ ಹೋಗಿ ಕೂರೋಳು, ಆಟ ಆಡ್ತಾಳೆ ಅನ್ಕೊಂಡಿದ್ವಿ. ಒಂದಿನ ಅಮ್ಮ ಬ್ಲೌಸ್ ಪೀಸ್ ಹುಡುಕಕ್ಕೆ ಕೈ ಹಾಕಿ, ಕರೆಂಟ್ ಹೊಡ್ದಂಗೆ ಕೈ ಎಳ್ಕೊಂಡ್ರು.

ನಾವು ಯಡಿಯೂರು ಸಿದ್ಧಲಿಂಗೇಶ್ವರನ ಒಕ್ಕಲು. ನಮ್ಮನೇಲಿ ಮೊಟ್ಟೆ ಹೊಸಿಲು ದಾಟಿದ್ದಿಲ್ಲ. ಬರ್ತ್‌ಡೇಗೆ ಕೇಕ್ ತಂದ್ರೂ ಬೇಕರಿಯವನ್ನ ಮೂರು ಸಲ ಕೇಳಿ ತರ್ತೀವಿ. ಅಮ್ಮ ಆ ಪದ ಕೂಡ ಬಾಯಲ್ಲಿ ಹೇಳಲ್ಲ, 'ಅದು' ಅಂತಾರೆ ಅಷ್ಟೇ.

"ಗಂಡೇ ಇಲ್ದೆ ಹೆಂಗಮ್ಮ ಇಡ್ತು ಇದು?" ಅಂತ ಅಪ್ಪ ನಕ್ರು. ಅಪ್ಪ ಕುಣಿಗಲ್ಲಲ್ಲಿ ಹೈಸ್ಕೂಲ್ ಗುಮಾಸ್ತ. ದಿನಾ ಬಸ್ಸಲ್ಲಿ ಹೋಗಿ ಬರ್ತಾರೆ.

"ನಗ್ಬೇಡಿ ಸುಮ್ನಿರಿ" ಅಂದ್ರು ಅಮ್ಮ. ನನ್ನ ಕಡೆ ತಿರುಗಿ, "ಅದನ್ನ ಈಗ್ಲೇ ಆಚೆ ಹಾಕು. ಯಾರ ಕಣ್ಣಿಗೂ ಬೀಳ್ಬಾರ್ದು."

ನಾನು ಹಳೇ ಸ್ಪೂನಲ್ಲಿ ಎತ್ಕೊಂಡೋಗಿ ಹಿತ್ತಲ ನುಗ್ಗೆ ಮರದ ಬುಡದಲ್ಲಿ ಹೂತೆ. ಎರಡು ದಿನ ಬಿಟ್ಟು ಇನ್ನೊಂದು. ಅದನ್ನೂ ಹೂತೆ. ಆಮೇಲೆ ಮತ್ತೊಂದು. ಡಬ್ಬ ತೆಗೆದಿಟ್ರೆ ಪಂಜರದ ನೆಲದಲ್ಲೇ ಇಡೋಳು. ಹನ್ನೊಂದು ಹೂತಿದ್ದೀನಿ. ಇಟ್ಟ ದಿನಾನೇ, ಒಂದೂ ಬಿಡ್ದಂಗೆ. ಪ್ರತೀ ಸಲ ಅವ್ಳು ಆ ಜಾಗದಲ್ಲಿ ತಲೆ ಬಗ್ಗಿಸಿ ಹುಡುಕೋಳು. ಪಂಜರ ಕ್ಲೀನಾಗಿದೆ ಅಂತ ನಾನು ಖುಷಿಯಾಗಿದ್ದೆ.

ಅವತ್ತು ಬೆಳಗ್ಗೆ ಅಪ್ಪ ಆಗ್ಲೇ ಬಸ್ಸಿಗೆ ಹೋಗಿದ್ರು. ಅಮ್ಮ ಮಿಷಿನ್ ಮೇಲಿದ್ದ ಬಟ್ಟೆ ಹಂಗೇ ಬಿಟ್ಟು ಚಪ್ಪಲಿ ಡಬ್ಬಕ್ಕೆ ಟವೆಲ್ ಹಾಸಿದ್ರು. ಆಟೋದಲ್ಲಿ ದನದ ಆಸ್ಪತ್ರೆಗೆ ಹೋದ್ವಿ. ಡಾಕ್ಟರ್ ಒಂದು ಹಸು ನೋಡಿ ಕೈ ತೊಳ್ಕೊತಾ ಇದ್ರು.

"ಏನಮ್ಮ, ನಿಮ್ಮ ಹಸು ಎಲ್ಲಿ?"

ಡಬ್ಬ ತೆಗ್ದೆ. ಅವ್ರ ನಗು ನಿಂತೋಯ್ತು.

ಬೆರಳ ತುದೀಲಿ ಹೊಟ್ಟೆ ಕೆಳಗೆ ಮೆತ್ತಗೆ ಮುಟ್ಟಿ ನೋಡಿದ್ರು. "ಮೊಟ್ಟೆ ಸಿಕ್ಕಾಕೊಂಡಿದೆ. ಎಗ್ ಬೈಂಡಿಂಗ್ ಅಂತಾರೆ" ಅಂದ್ರು. "ನೋಡಮ್ಮ, ನಾನು ದಿನಾ ಹಸು, ಎಮ್ಮೆ, ಕುರಿ ನೋಡೋನು. ಇಷ್ಟು ಸಣ್ಣದಕ್ಕೆ ಕ್ಯಾಲ್ಸಿಯಂ ಇಂಜೆಕ್ಷನ್ ಒಂದು ಹನಿ ಜಾಸ್ತಿ ಆದ್ರೂ ಹೋಗ್ಬಿಡ್ತದೆ. ಕರೆಕ್ಟ್ ವೆಯ್ಟ್ ಬೇಕು. ನಮ್ಮ ತಕ್ಕಡೀಲಿ ಇದು ಕಾಣಿಸೋದೇ ಇಲ್ಲ."

ಅಮ್ಮ ಒಂದು ನಿಮಿಷ ಯೋಚ್ನೆ ಮಾಡಿದ್ರು. "ಬಾರೇ" ಅಂದ್ರು.

ಹೋಗಿದ್ದು ನಮ್ಮ ಓಲೆ, ಉಂಗುರ ಮಾಡಿಸೋ ಚಿನ್ನದ ಅಂಗಡಿಗೆ. ಅಂಗಡಿಯವ್ರು ಗಾಜಿನ ಬಾಗಿಲಿರೋ ತಕ್ಕಡಿ ಮೇಲೆ ಪೇಪರ್ ಹಾಸಿದ್ರು. ಬೇರೆ ದಿನ ಆಗಿದ್ರೆ ಜೀರಿಗೆ ಅಂಗಡಿಯೆಲ್ಲ ಹಾರಾಡೋಳು. ಅವತ್ತು ಸುಮ್ನೆ ಕೂತ್ಲು. ತೊಂಬತ್ತೊಂದು ಗ್ರಾಂ.

"ವೇಸ್ಟೇಜ್ ಹಾಕ್ಬೇಕಾ ಅಕ್ಕಾ?" ಅಂದ್ರು ಅವ್ರು. ಅಮ್ಮನ ಮುಖ ನೋಡಿ, "ಹುಷಾರಾಗ್ತದೆ ಬುಡಿ" ಅಂತ ಅವ್ರೇ ಹೇಳಿದ್ರು.

ವಾಪಸ್ ಬರೋ ಹೊತ್ತಿಗೆ ಡಾಕ್ಟರ್ ಬೆಂಗಳೂರಲ್ಲಿ ಹಕ್ಕಿ ನೋಡೋ ಅವ್ರ ಕ್ಲಾಸ್‌ಮೇಟಿಗೆ ಫೋನ್ ಮಾಡಿದ್ರು. ಆ ಕಡೆಯಿಂದ ಕೇಳಿದ್ದನ್ನ ಇವ್ರು ನಮ್ಮನ್ನ ಕೇಳಿದ್ರು.

"ಇದಕ್ಕೆ ಮುಂಚೆ ಎಷ್ಟು ಇಟ್ಟಿದೆ?"

"ಹನ್ನೊಂದು ಸರ್."

"ಎಲ್ಲಿವೆ?"

"ತೆಗೆದ್ವಿ. ಇಟ್ಟ ದಿನಾನೇ."

ಡಾಕ್ಟರ್ ಫೋನನ್ನ ಕಿವಿಯಿಂದ ಇಳಿಸಿದ್ರು. "ಕೋಳಿ ಸಾಕಿಲ್ವೇನಮ್ಮ ನಿಮ್ಮನೇಲಿ?"

"ಇಲ್ಲ" ಅಂದ್ರು ಅಮ್ಮ.

"ಅದಕ್ಕೇ. ತೆಗೀತಾ ಇದ್ರೆ ಇಡ್ತಾನೇ ಇರ್ತವೆ. ಬಿಟ್ಟಿದ್ರೆ ನಾಲ್ಕೋ ಐದೋ ಇಟ್ಟು ಕಾವಿಗೆ ಕೂತು ಸುಮ್ನಾಗೋದು. ಇದು ಕಳೆದೋಯ್ತು, ಕಳೆದೋಯ್ತು ಅಂತ ಮತ್ತೆ ಮತ್ತೆ ಇಟ್ಟಿದೆ. ಚಿಪ್ಪಿಗೆ ಕ್ಯಾಲ್ಸಿಯಂ ಎಲ್ಲಿಂದ ಬರ್ಬೇಕು? ಅದರ ಮೂಳೆಯಿಂದಾನೇ. ಈಗ ಆಚೆ ತಳ್ಳಕ್ಕೂ ಶಕ್ತಿ ಇಲ್ಲ."

ನಾವೇ ಇಡಿಸಿದ್ದು. ಹನ್ನೊಂದೂ.

ನನ್ನ ಫೈಲು ಬ್ಯಾಗಲ್ಲೇ ಇತ್ತು. ಆಚೆ ತೆಗೀಲಿಲ್ಲ. ಬರೀ ನವಣೆ, ಸೂರ್ಯಕಾಂತಿ ಬೀಜ ಹಾಕ್ತಿದ್ದೆ. ಅದರಲ್ಲಿ ಕ್ಯಾಲ್ಸಿಯಂ ಸಾಲಲ್ಲ ಅಂತ ಅದೇ ಫೈಲಲ್ಲಿ ಎಲ್ಲೋ ಇತ್ತು, ಓದಿ ಅಂಡರ್‌ಲೈನ್ ಕೂಡ ಮಾಡಿದ್ದೆ.

ಇಂಜೆಕ್ಷನ್ ಕೊಟ್ರು. "ಬೆಚ್ಚಗಿಡಿ. ಹಬೆ ಇರ್ಲಿ. ಹೊಟ್ಟೆ ಅಮುಕೋದು, ಎಳೆಯೋದು ಮಾಡ್ಬೇಡಿ, ಒಳಗೆ ಒಡೆದ್ರೆ ಮುಗೀತು. ಸಾಯಂಕಾಲದೊಳಗೆ ಬರ್ಬೇಕು. ಬರ್ಲಿಲ್ಲ ಅಂದ್ರೆ ಬೆಂಗಳೂರಿಗೆ ಹೊರಡಿ. ದಾರೀಲಿ ತಡ್ಕೊಳ್ಳತ್ತೋ ಇಲ್ವೋ, ನಾನು ಹೇಳಲ್ಲ."

ಬಚ್ಚಲುಮನೇಲಿ ಹಂಡೆ ಕಾಯಿಸಿದ್ವಿ. ಡಬ್ಬದ ಪಕ್ಕ ಬಲ್ಬ್ ಹಾಕಿ ಬಾಗಿಲು ಮುಚ್ಚಿದ್ವಿ. ನಾನೂ ಅಮ್ಮಾನೂ ಒಳಗೆ. ಬ್ಲೌಸ್ ಕೇಳ್ಕೊಂಡು ಬಂದವ್ರಿಗೆ ಅಮ್ಮ ಕೂತಲ್ಲಿಂದಾನೇ, "ಮನೇಲಿ ಹುಷಾರಿಲ್ಲ, ನಾಳೆ ಬನ್ನಿ" ಅಂದ್ರು. ಯಾರಿಗೆ ಹುಷಾರಿಲ್ಲ ಅಂತ ಹೇಳ್ಲಿಲ್ಲ. ಹನ್ನೆರಡಾಯ್ತು. ಎರಡಾಯ್ತು. ಜೀರಿಗೆ ತಿಣುಕೋದು, ಸುಸ್ತಾಗಿ ರೆಕ್ಕೆ ಬಿಡೋದು, ಮತ್ತೆ ತಿಣುಕೋದು. ಅವ್ಳ ಬಾಲದ ಜೊತೆ ನನ್ನ ಉಸಿರೂ ಮೇಲೆ ಕೆಳಗೆ ಆಡ್ತಾ ಇತ್ತು. ಅಮ್ಮನ ಸೆರಗು ಬೆವರಲ್ಲಿ ನೆಂದಿತ್ತು. "ನೀನು ಹುಟ್ಟೋವಾಗ್ಲೂ ಹಿಂಗೇ, ಒಂದು ಹಗಲು ಪೂರ್ತಿ" ಅಂದ್ರು.

ನಾಲ್ಕೂವರೆಗೆ ಬಂತು.

ಗಟ್ಟಿ ಚಿಪ್ಪೇ ಇಲ್ಲ. ತೆಳ್ಳಗೆ, ಒಂದು ಕಡೆ ತಗ್ಗಾಗಿ, ಬಲೂನ್ ಗಾಳಿ ಹೋದಂಗಿತ್ತು. ಜೊತೆಗೆ ಚೂರು ರಕ್ತ. ಜೀರಿಗೆ ಪಕ್ಕಕ್ಕೆ ಬಿದ್ಲು. ಸತ್ಲು ಅನ್ಕೊಂಡೆ. ಸ್ವಲ್ಪ ಹೊತ್ತು ಬಿಟ್ಟು ಕಣ್ಣು ಬಿಟ್ಲು. ನೀರು ಕುಡಿದ್ಲು. ಆದ್ರೆ ಎಡಗಾಲು ಎಳೀತಾ ಇತ್ತು, ಬೆರಳು ಮಡಚ್ತಿರ್ಲಿಲ್ಲ. ಒಳಗೆ ಮೊಟ್ಟೆ ಒತ್ತಿ ಕಾಲಿನ ನರಕ್ಕೆ ಪೆಟ್ಟಾಗಿದೆ ಅಂದ್ರು ಡಾಕ್ಟರ್.

ಆಮೇಲಿನ ದಿನಗಳು ಅವ್ಳ ಲೆಕ್ಕದಲ್ಲೇ ನಡೆದ್ವು. ಕೋಲುಗಳೆಲ್ಲ ತೆಗೆದು ಪಂಜರದ ನೆಲಕ್ಕೆ ಮೆತ್ತನೆ ಬಟ್ಟೆ ಹಾಸಿದ್ವಿ. ಬೆಳಗಿನ ಬಿಸಿಲಿಗೆ ಅರ್ಧ ಗಂಟೆ. ನುಗ್ಗೆಸೊಪ್ಪು, ಮೊದ್ಲು ಮುಟ್ಲಿಲ್ಲ, ನಾನೇ ಎದುರಿಗೆ ಕೂತು ತಿಂದು ತೋರಿಸಿದ ಮೇಲೆ ಮುಟ್ಟಿದ್ಲು. ಜಾಸ್ತಿ ಹೊತ್ತು ಬೆಳಕಿದ್ರೆ ಮತ್ತೆ ಮೊಟ್ಟೆಗೆ ಬರ್ತಾಳೆ ಅಂತ ಡಾಕ್ಟರ್ ಹೇಳಿದ್ರು. ಅಮ್ಮ ರಾತ್ರಿ ಹತ್ತರವರೆಗೂ ಹಾಲಲ್ಲಿ ಟ್ಯೂಬ್‌ಲೈಟ್ ಹಾಕ್ಕೊಂಡು ಹೊಲಿಯೋರು. ಮಿಷಿನ್ನ ರೂಮಿಗೆ ತಳ್ಕೊಂಡ್ರು. ಸಂಜೆ ಆರಕ್ಕೆ ಹಾಲು ಕತ್ತಲೆ. ಅಪ್ಪ ಬಸ್ ಇಳಿದು ಬಂದು ಕತ್ತಲಲ್ಲೇ ಚಪ್ಪಲಿ ಬಿಟ್ಟು, "ಜೀರಿಗೆ ಮಹಾರಾಣಿಯವರು ಮಲಗಿದ್ರಾ" ಅಂತ ಪಿಸುಗುಟ್ಟೋರು.

ಇನ್ನೊಂದು ಬೇಕಿತ್ತು. ಮೊಟ್ಟೆ ಚಿಪ್ಪಿನ ಪುಡಿ. ಕುದಿಸಿ, ಒಣಗಿಸಿ, ಕುಟ್ಟಿ, ಕಾಳಿನ ಜೊತೆ ಹಾಕಿ ಅಂದಿದ್ರು ಡಾಕ್ಟರ್. ಅಮ್ಮನ ಹತ್ರ ಹೆಂಗೆ ಹೇಳೋದು ಅಂತ ನಾನು ಎರಡು ದಿನ ಒದ್ದಾಡಿದೆ. ಮೂರನೇ ದಿನ ಹಿತ್ತಲಲ್ಲಿ ಅಮ್ಮನ ದನಿ ಕೇಳಿಸ್ತು. ಕಾಂಪೌಂಡ್ ಆಚೆ ಪಕ್ಕದ್ಮನೆ ನಜೀಮಾ ಆಂಟಿ ಕೋಳಿಗೆ ನುಚ್ಚು ಹಾಕ್ತಿದ್ರು.

"ನಜೀಮಾ, ಒಂದು ಕೇಳ್ತೀನಿ. ನಗ್ಬಾರ್ದು."

"ಕೇಳಕ್ಕಾ."

"ಮೊಟ್ಟೆ ಚಿಪ್ಪು ಇದ್ರೆ ಕೊಡ್ತೀಯಾ?"

ಅಮ್ಮನ ಬಾಯಲ್ಲಿ ಆ ಪದ ಕೇಳಿದ್ದು ಅದೇ ಮೊದಲು.

ಆಂಟಿ ನಗ್ಲಿಲ್ಲ. ಪೂರ್ತಿ ಕಥೆ ಕೇಳಿಸ್ಕೊಂಡು, "ಹನ್ನೊಂದಾ? ಅಯ್ಯೋ ಅಕ್ಕಾ. ಮೊದಲ್ನೇದಕ್ಕೇ ನನಗೊಂದು ಮಾತು ಹೇಳಿದ್ರೆ ನಾನೇ ಹೇಳ್ತಿದ್ನಲ್ಲ, ಮುಟ್ಬೇಡಿ ಅಂತ. ಹತ್ತು ವರ್ಷದಿಂದ ಒಂದೇ ಗೋಡೆ ನಮ್ಮದು" ಅಂದ್ರು.

ಅಮ್ಮ ತಲೆ ಬಗ್ಗಿಸಿ ಗೋಡೆ ಮೇಲಿನ ಪಾಚಿ ಕೆರೀತಾ ನಿಂತಿದ್ರು. ನಾವು ಮುಚ್ಚಿಟ್ಟಿದ್ದು ಇವ್ರಿಂದಾನೇ. ಗೋಡೆ ಪಕ್ಕ ಕೇಳಿದ್ರೆ ಸಾಕಿತ್ತು. ಅದು ಬಿಟ್ಟು ನಾನು ಶಿರಾ ಗೇಟ್‌ವರೆಗೂ ಹೋಗಿ ಕಂಪ್ಯೂಟರ್ ಮುಂದೆ ಕೂತಿದ್ದೆ.

ಹಿತ್ತಲಲ್ಲಿ ಸೀಮೆಎಣ್ಣೆ ಸ್ಟವ್ ಇಟ್ಟು, ಅದಕ್ಕೇ ಅಂತ ಒಂದು ಪಾತ್ರೆ ಬೇರೆ ಮಾಡಿ ಅಮ್ಮಾನೇ ಕುದಿಸಿದ್ರು. ಕಲ್ಲಲ್ಲಿ ಕುಟ್ಟೋವಾಗ ಅಪ್ಪ ಬಂದು, "ಏನೇ ಅದು?" ಅಂದ್ರು.

"ರಂಗೋಲಿ ಪುಡಿ" ಅಂದ್ರು ಅಮ್ಮ, ತಲೆ ಎತ್ತದೆ.

ಇಪ್ಪತ್ತು ದಿನ ಆದ್ಮೇಲೆ ಜೀರಿಗೆ ಮತ್ತೆ ಇಟ್ಲು. ಈ ಸಲ ತಾನಾಗೇ ಬಂದಿತ್ತು, ಚಿಪ್ಪು ಗಟ್ಟಿಯಾಗಿತ್ತು. ಅವತ್ತು ಶುಕ್ರವಾರ. ಅಮ್ಮ ಪೂಜೆಗೆ ಹೂ ಕಟ್ತಾ ಕೂತಿದ್ರು. ನನ್ನ ಕೈ ಅಭ್ಯಾಸಬಲದಲ್ಲಿ ಸ್ಪೂನ್ ಕಡೆ ಹೋಯ್ತು.

"ಮುಟ್ಬೇಡ" ಅಂದ್ರು ಅಮ್ಮ. "ಇರ್ಲಿ ಅವ್ಳ ಹತ್ರಾನೇ."

"ಪೂಜೆ?"

"ಪೂಜೆ ಪಾಡಿಗೆ ಪೂಜೆ. ಅವ್ಳ ಪಾಡಿಗೆ ಅವ್ಳು."

ಮೂರು ಇಟ್ಲು. ನಿಂತ್ಲು. ಸೊಟ್ಟ ಕಾಲು ಪಕ್ಕಕ್ಕೆ ಚಾಚ್ಕೊಂಡೇ ಮೂರರ ಮೇಲೂ ಕೂತ್ಲು. ಹತ್ರ ಹೋದ್ರೆ ಜುಟ್ಟು ಅಂಟಿಸಿ ಬುಸ್ ಅನ್ನೋಳು. ಅವುಗಳಿಂದ ಮರಿ ಬರಲ್ಲ ಅಂತ ನಮಗೆಲ್ಲ ಗೊತ್ತಿತ್ತು, ಅವ್ಳಿಗೆ ಹೇಳೋರು ಯಾರು. ಮೂರು ವಾರ ಆದ್ಮೇಲೆ ಒಂದಿನ ತಾನಾಗೇ ಎದ್ಲು. ತಿರುಗಿ ಕೂಡ ನೋಡ್ದೆ ಬಂದು ನವಣೆ ತಿಂದ್ಲು. ಆಮೇಲೆ ನಾನು ಪಂಜರದೊಳಗೆ ಬೆರಳಿಟ್ಟೆ. ಬಲಗಾಲಲ್ಲಿ ಹತ್ತಿ, ಎಡಗಾಲನ್ನ ಸುಮ್ನೆ ಒರಗಿಸ್ಕೊಂಡ್ಲು.

ಪೂರ್ತಿ ಗುಣ ಆಯ್ತು ಅಂತ ನಾನು ಹೇಳಲ್ಲ. ಆ ಕಾಲು ಇನ್ನೂ ಮಡಚಲ್ಲ, ಮಡಚತ್ತೆ ಅಂತ ಡಾಕ್ಟರೂ ಹೇಳಿಲ್ಲ. ಹದಿನೈದು ದಿನಕ್ಕೊಂದು ಸಲ ಚಿನ್ನದ ಅಂಗಡೀಲಿ ತೂಕ ಹಾಕಿಸ್ತೀನಿ, ಹೋದ ಸಲ ತೊಂಬತ್ತಾರು ಗ್ರಾಂ ಇತ್ತು. ಬೆಳಗ್ಗೆ ಬಟ್ಟೆ ತೆಗೆಯೋವಾಗ ಈಗ್ಲೂ ಮೊದ್ಲು ನೆಲ ನೋಡ್ತೀನಿ.

ಅವ್ಳು ಬಿಟ್ಟೆದ್ದ ಆ ಮೂರನ್ನ ತೆಗೆಯಕ್ಕೆ ನಾನು ಸ್ಪೂನ್ ತಂದೆ. ಅಮ್ಮ ಬೇಡ ಅಂದ್ರು. ಬರೀ ಕೈ ಹಾಕಿ ಒಂದೊಂದಾಗಿ ಎತ್ತಿ ಅಂಗೈ ಮೇಲೆ ಇಟ್ಕೊಂಡ್ರು. ಇಷ್ಟು ವರ್ಷದಲ್ಲಿ ಅಮ್ಮ ಮೊಟ್ಟೆ ಕೈಯಲ್ಲಿ ಹಿಡಿದಿದ್ದು ಅದೇ ಮೊದಲು.

"ತೂಕಾನೇ ಇಲ್ವಲ್ಲೇ ಇದು" ಅಂದ್ರು. ನುಗ್ಗೆ ಮರದವರೆಗೂ ಇನ್ನೊಂದು ಕೈ ಅಡ್ಡ ಹಿಡ್ಕೊಂಡೇ ಹೋದ್ರು, ಗಾಳಿಗೆ ದೀಪ ಆರದಂಗೆ ಹಿಡ್ಕೊತಾರಲ್ಲ, ಹಂಗೆ.