ಎಣಿಸದೆ ಬಿಟ್ಟ ಬಾತು

ನರ್ಸ್ ಕೆಲಸದಲ್ಲಿದ್ದಷ್ಟು ಕಾಲ ನಾನು ಎಣಿಸದ ವಸ್ತು ಇರಲಿಲ್ಲ. ಮಾತ್ರೆ, ಸೂಜಿ, ಬಸುರಿಯರು, ಬಾಣಂತಿಯರು, ಪೋಲಿಯೊ ಹನಿ ಕುಡಿದ ಮಕ್ಕಳು, ಹನಿಗೆ ಹೆದರಿ ಬಾಗಿಲ ಹಿಂದೆ ಅಡಗಿದ ಮಕ್ಕಳು, ಎಲ್ಲಕ್ಕೂ ಒಂದೊಂದು ರಿಜಿಸ್ಟರು. ಮನೆ ಮನೆಗೆ ಹೋಗಿ "ಎಷ್ಟು ಮಕ್ಳವ್ವ?" ಎಂದರೆ ಅಜ್ಜಿಯಂದಿರು "ದೇವ್ರು ಕೊಟ್ಟಷ್ಟು" ಎಂದು ಮುಖ ತಿರುಗಿಸುತ್ತಿದ್ದರು. ಒತ್ತಾಯ ಮಾಡಿದರೆ ಒಂದು ಕಡಿಮೆ ಹೇಳುತ್ತಿದ್ದರು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಗದರಿಸಿಯೇ ಲೆಕ್ಕ ಸರಿ ಮಾಡಿಕೊಂಡು ಬರುತ್ತಿದ್ದೆ.

ಹಗರಿಬೊಮ್ಮನಹಳ್ಳಿಯಿಂದ ಬೆಳಗಿನ ಮೊದಲ ಬಸ್ಸಿಗೆ ಹೊರಟು ನನ್ನ ಉಪಕೇಂದ್ರದ ಹಳ್ಳಿಯ ಕ್ರಾಸಿನಲ್ಲಿ ಇಳಿದರೆ ಊರಿಗೆ ಹೋಗುವ ದಾರಿ ಕೆರೆ ಏರಿಯ ಮೇಲೆಯೇ. ಚಳಿಗಾಲದಲ್ಲಿ ಆ ಕೆರೆಯ ತುಂಬ ದೊಡ್ಡ ಬಾತುಗಳು. ಬೂದು ಮೈ, ಬಿಳಿ ತಲೆ, ತಲೆಯ ಹಿಂದೆ ಎರಡು ಕರಿ ಪಟ್ಟೆ. ಇವು ಹಿಮಾಲಯ ದಾಟಿ ಬರುತ್ತವೆಂದು ಪತ್ರಿಕೆಯಲ್ಲಿ ಓದಿದ ದಿನ ನಾನು ಬಸ್ಸಿನಲ್ಲಿ ಪಕ್ಕದವಳ ತೊಡೆ ತಟ್ಟಿ ಹೇಳಿದ್ದೆ. ಪಕ್ಕದ ಹಡಗಲಿಗೆ ಹೋಗಿಬಂದರೇ ಎರಡು ದಿನ ಸೊಂಟ ಹಿಡಿದುಕೊಳ್ಳುವ ನಮಗೆ, ಹಿಮಾಲಯ ಹಾರಿ ಬಂದು ಕಡಲೆ ಹೊಲದಲ್ಲಿ ಮೇಯುವ ಈ ಪ್ರಾಣಿಗಳನ್ನು ಕಂಡರೆ ನಾಚಿಕೆಯಾಗಬೇಕು.

ಅದೇ ಪತ್ರಿಕೆಯಲ್ಲಿ ಒಂದು ವೆಬ್‌ಸೈಟಿನ ವಿಳಾಸವಿತ್ತು. ಯಾರು ಬೇಕಾದರೂ ತಾವು ಕಂಡ ಹಕ್ಕಿಯ ಹೆಸರು, ಜಾಗ, ದಿನ, ಎಣಿಕೆಯನ್ನು ಅಲ್ಲಿ ಬರೆಯಬಹುದು, ವಿಜ್ಞಾನಿಗಳಿಗೆ ಅದು ಬೇಕು ಎಂದಿತ್ತು. ಎಣಿಕೆ ಎಂದ ಮೇಲೆ ನನ್ನನ್ನು ಬಿಟ್ಟು ಇನ್ನಾರು? ಬಸ್ ಸ್ಟ್ಯಾಂಡಿನ ಎದುರಿನ ಸೈಬರ್ ಸೆಂಟರಿಗೆ ಹೋದೆ. ಅದರ ಮಾಲೀಕರು ನನ್ನ ವಾರಗೆಯವರು. ಲಗ್ನಪತ್ರಿಕೆ ಅಚ್ಚು ಮಾಡುವುದು ಅವರ ಮುಖ್ಯ ಕಸುಬು, ಇಂಟರ್ನೆಟ್ಟು ಮೇಲೋಗರ. ಪುಟ ತೆರೆಯುವಷ್ಟರಲ್ಲಿ ಒಂದು ಚಹಾ ಮುಗಿಯುತ್ತಿತ್ತು. ಕೊನೆಗೆ ದೇಶದ ನಕ್ಷೆ ಮೂಡಿತು. ಹಕ್ಕಿ ಕಂಡ ಕಡೆಯೆಲ್ಲ ಕೆಂಪು ಚುಕ್ಕೆ. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ, ನಮ್ಮೂರು ಇರುವ ಜಾಗ ಮಾತ್ರ ಬೋಳು.

"ಏನ್ರಿ ಇದು, ನಮ್ಮ ಕಡೆ ಹಕ್ಕಿನ ಇಲ್ಲೇನು?" ಎಂದು ಅವರ ಮೇಲೆಯೇ ರೇಗಿದೆ.

"ನನ್ನ ಬೈದ್ರ ಏನ್ ಬಂತ್ರಿ, ಮೇಡಂ? ನೀವು ಹಾಕ್ರಿ ಚುಕ್ಕಿ," ಎಂದರು.

ಹಾಕಿದೆ. ನಮ್ಮ ಕೆರೆಯ ಮೇಲೆ ಸಾಸಿವೆ ಕಾಳಿನಷ್ಟು ಕೆಂಪು ಮೂಡಿದಾಗ ಇಬ್ಬರೂ ಕುರ್ಚಿ ಬಿಟ್ಟು ಎದ್ದು ನಿಂತಿದ್ದೆವು. ಸರ್ಕಾರಿ ನೌಕರಿಯ ಆರ್ಡರು ಬಂದ ದಿನವೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ, ಸುಳ್ಳಲ್ಲ.

ಆದರೆ ದಿನವೂ ನಿಂತು ಎಣಿಸಲು ನನಗೆಲ್ಲಿ ಬಿಡುವು? ಅದಕ್ಕೆ ಸಿಕ್ಕವನು ನೀರಗಂಟಿ ಅಜ್ಜ. ಕೆರೆಯ ತೂಬು ಎತ್ತಿ ಹೊಲಗಳಿಗೆ ನೀರು ಬಿಡುವುದು ಅವನ ಕೆಲಸ. ಮೊದಲು ಕುರಿ ಕಾಯ್ದವನು, ಕಣ್ಣು ಇನ್ನೂ ಚುರುಕು. ಹತ್ತು ಬಾತಿಗೆ ಒಂದು ಹರಳು ಟವೆಲಿನ ಗಂಟಿಗೆ ಹಾಕುತ್ತಾ ಹೋಗುತ್ತಿದ್ದ, ಮಿಕ್ಕದ್ದನ್ನು ಬೆರಳ ಮೇಲೆ ಹಿಡಿಯುತ್ತಿದ್ದ. ನಾನು ಬಂದೊಡನೆ ಗಂಟು ಬಿಚ್ಚಿ ಹೇಳುತ್ತಿದ್ದ, ನಾನು ನೋಟ್‌ಬುಕ್ಕಿಗೆ ಇಳಿಸುತ್ತಿದ್ದೆ. ವಾರಕ್ಕೊಮ್ಮೆ ಅದು ಸೈಬರ್ ಸೆಂಟರಿನಿಂದ ನಕ್ಷೆಗೆ ಹೋಗುತ್ತಿತ್ತು. ಹೀಗೆ ಮೂರು ಚಳಿಗಾಲ ನಡೆಯಿತು.

ಮೂರನೆಯ ಚಳಿಗಾಲದ ಕೊನೆ. ಶಿವರಾತ್ರಿ ಹತ್ತಿರವಿತ್ತು, ಬಾತುಗಳು ಇಂದೋ ನಾಳೆಯೋ ಹೊರಡುವ ಹಾಗಿದ್ದವು. ಒಂದು ಬೆಳಿಗ್ಗೆ ಹಿಂಡು ದಡಕ್ಕೆ ಬಹಳ ಹತ್ತಿರ ಕೂತಿತ್ತು. ನನ್ನ ಹಳೆಯ ದುರ್ಬೀನಿನಲ್ಲಿ ಒಂದೊಂದೇ ತಲೆ ನೋಡುತ್ತಾ ಹೋದೆ. ಎರಡು ಪಟ್ಟೆ, ಎರಡು ಪಟ್ಟೆ, ಎರಡು ಪಟ್ಟೆ, ಆಮೇಲೆ ಪಟ್ಟೆಯೇ ಇಲ್ಲದ ಒಂದು ತಲೆ! ಮೈ ಉಳಿದವಕ್ಕಿಂತ ದಪ್ಪ, ಕೊಕ್ಕು ಹಳದಿಯಲ್ಲ, ಗುಲಾಬಿ. ಸಂಜೆ ಹಕ್ಕಿ ಪುಸ್ತಕ ತಿರುವಿದೆ. ಬೂದು ಹೆಬ್ಬಾತು. ಉತ್ತರದ ಕಡೆಯ ಅತಿಥಿ, ನಮ್ಮ ಕಡೆ ಬರುವುದೇ ಅಪರೂಪ. ಓಡಿಹೋಗಿ ಸೈಬರ್ ಸೆಂಟರಿನ ಬಾಗಿಲು ಮುಚ್ಚುವ ಮೊದಲೇ ಕಳಿಸಿದೆ.

ಎರಡು ದಿನದಲ್ಲಿ ಉತ್ತರ ಬಂತು. ದಾಖಲೆಗಳನ್ನು ಪರಿಶೀಲಿಸುವವರು ವಿನಯವಾಗಿಯೇ ಬರೆದಿದ್ದರು. ಪಟ್ಟೆತಲೆ ಬಾತಿನ ಎಳೆಯ ಮರಿಗೂ ಮೊದಲ ಚಳಿಗಾಲದಲ್ಲಿ ಪಟ್ಟೆ ಇರುವುದಿಲ್ಲ, ಮರುವರ್ಷಕ್ಕೆ ಮೂಡುತ್ತದೆ, ನೀವು ಕಂಡದ್ದು ಮರಿಯಾಗಿರಬಹುದು. ಕೊಕ್ಕಿನ ಬಣ್ಣ ಖಚಿತವೇ? ಬೇರೆ ಯಾರಾದರೂ ನೋಡಿದ್ದಾರೆಯೇ? ಹಿಂದಿನ ವರ್ಷಗಳಲ್ಲೂ ಬಂದಿತ್ತೇ? ಅಲ್ಲಿಯವರೆಗೆ ಇದನ್ನು ನಕ್ಷೆಗೆ ಸೇರಿಸಲಾಗದು.

ಮೈ ಉರಿದುಹೋಯಿತು. ಸಾವಿರ ಮಕ್ಕಳನ್ನು ತೂಗಿದವಳಿಗೆ ಮರಿ ಯಾವುದು, ಬೆಳೆದದ್ದು ಯಾವುದು ತಿಳಿಯುವುದಿಲ್ಲವೇ? ಆದರೆ ಅವರು ಕೇಳಿದ್ದು ನ್ಯಾಯವಾಗಿತ್ತು, ಅದೇ ನನ್ನನ್ನು ಹೆಚ್ಚು ಉರಿಸಿದ್ದು. ಹಿಂದಿನ ವರ್ಷಗಳಲ್ಲಿ ಬಂದಿತ್ತೇ? ನೋಟ್‌ಬುಕ್ಕನ್ನೆಲ್ಲ ತಿರುವಿದೆ. ಪಟ್ಟೆ ಇಲ್ಲದ ಬಾತಿನ ಸುದ್ದಿ ಎಲ್ಲೂ ಇರಲಿಲ್ಲ. ನಾನು ಬರೆದದ್ದು ಸುಳ್ಳಾಗುತ್ತದಲ್ಲ ಎಂದು ಆ ರಾತ್ರಿ ಊಟ ಸೇರಲಿಲ್ಲ.

ಮರುದಿನ ಬೆಳಿಗ್ಗೆ ಬಸ್ಸಿಳಿದವಳೇ ಏರಿಯ ಮೇಲೆ ಹೆಚ್ಚುಕಡಿಮೆ ಓಡಿದೆ. ಹಿಂಡು ಇನ್ನೂ ಇತ್ತು. ಅಜ್ಜ ತೂಬಿನ ಕಲ್ಲಿನ ಮೇಲೆ ಕೂತು ಬೀಡಿ ಸೇದುತ್ತಿದ್ದ. ದುರ್ಬೀನು ಅವನ ಕೈಗೆ ಕೊಟ್ಟು ಬೆರಳು ಮಾಡಿ ತೋರಿಸಿದೆ. ಅವನು ದುರ್ಬೀನನ್ನು ಕಣ್ಣಿಗೂ ಇಟ್ಟುಕೊಳ್ಳಲಿಲ್ಲ.

"ಅದಾ? ಬೋಳತಲಿದು? ಅದು ಮೂರು ವರ್ಷದಿಂದ ಬರ್ತೈತಲ್ಲ, ನರ್ಸಮ್ಮ."

ನನಗೆ ಕುಣಿಯಬೇಕೆನಿಸಿತು, ಅವನನ್ನು ಕೆರೆಗೆ ನೂಕಬೇಕೆಂದೂ ಅನಿಸಿತು. "ಮೂರು ವರ್ಷದಿಂದ ನೋಡಿ ಒಂದ್ ದಿನಾನೂ ಹೇಳ್ಲಿಲ್ಲ ಯಾಕಜ್ಜ?"

"ಅದು ಬಿಟ್ಟದ್ದಲ್ಲೇನ್ರಿ? ಬಿಟ್ಟದ್ದನ್ನ ಹೆಂಗ ಹೇಳ್ಲಿ?"

"ಬಿಟ್ಟದ್ದು ಅಂದ್ರ?"

ಅವನು ನನ್ನನ್ನು ಏನೂ ಅರಿಯದ ಕೂಸಿನ ಹಾಗೆ ನೋಡಿದ. "ಕುರಿ ಇರ್ಲಿ, ಕೂಸಿರ್ಲಿ, ಜೀವ ಇದ್ದದ್ದನ್ನ ಪೂರಾ ಎಣಸಬಾರ್ದ್ರಿ, ಯವ್ವ. ಕಣ್ಣು ಬೀಳ್ತೈತಿ. ಒಂದನ್ನ ಕೆರಿ ತಾಯಿ ಪಾಲಿಗೆ ಬಿಡಬೇಕು. ಇಲ್ಲಂದ್ರ ಮುಂದಿನ ವರ್ಷ ಬರಂಗಿಲ್ಲ ಅವು. ಎಲ್ಲಾ ಒಂದ ನಮೂನಿ ಅದಾವು, ಯಾವುದು ಬಿಟ್ಟೆ ಅಂತ ಹೆಂಗ ನೆನಪಿಡ್ಲಿ? ಬೋಳತಲಿದು ಚಲೋ ಗುರುತು. ಅದ್ಕ ದಿನಾ ಅದನ್ನ ಬಿಟ್ಟೀನಿ."

ಏರಿಯ ಮೇಲೆ ಕುಸಿದು ಕೂತು ನಕ್ಕೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಮೂರು ಚಳಿಗಾಲದ ನನ್ನ ಪುಸ್ತಕದಲ್ಲಿ ದಿನವೂ ಒಂದು ಹಕ್ಕಿ ಕಡಿಮೆ. ಆ ಒಂದೇ ಇಡೀ ಕೆರೆಯಲ್ಲಿ ಬರೆಯಲೇಬೇಕಾಗಿದ್ದ ಹಕ್ಕಿ. ಮೂರು ವರ್ಷವೂ ಪಟ್ಟೆ ಮೂಡದೆ ಬಂದದ್ದು ಮರಿಯಾಗಿರಲು ಸಾಧ್ಯವೇ ಇಲ್ಲ.

ನಗು ನಿಂತ ಮೇಲೆ ಭಯವಾಯಿತು. ಇದನ್ನು ಬರೆದರೆ ಅವನು ಬಿಟ್ಟದ್ದನ್ನೇ ನಾನು ಎಣಿಸಿದ ಹಾಗೆ. ಅವನು ಒಪ್ಪದಿದ್ದರೆ? ಕೇಳದೆ ಬರೆಯಬಹುದಿತ್ತು, ಅವನಿಗೆ ಗೊತ್ತಾಗುತ್ತಲೂ ಇರಲಿಲ್ಲ. ಆದರೆ ಮೂರು ವರ್ಷ ಕಾಯ್ದವನು ಅವನು. ಎಲ್ಲವನ್ನೂ ಬಿಡಿಸಿ ಹೇಳಿದೆ, ನಕ್ಷೆ, ಚುಕ್ಕೆ, ಅವರು ನಂಬದೆ ಹೋದದ್ದು. ಅಜ್ಜ ಬೀಡಿಯನ್ನು ತೂಬಿನ ಕಲ್ಲಿಗೆ ಒತ್ತಿ ಆರಿಸಿದ.

"ನೀವು ಸುಳ್ಳಿ ಅನ್ನಿಸ್ಕೋಬಾರ್ದು," ಎಂದ. "ಅದನ್ನ ಬರೀರಿ. ನಾನು ಬ್ಯಾರೆ ಒಂದನ್ನ ಬಿಡ್ತೀನಿ."

ಅಷ್ಟೇ. ಎದ್ದು ಹೋಗಿ ಹಿಂಡನ್ನು ಬಹಳ ಹೊತ್ತು ನೋಡಿ, ಎರಡು ಪಟ್ಟೆಯ ಯಾವುದೋ ಒಂದನ್ನು ಮನಸ್ಸಿನಲ್ಲೇ ಆರಿಸಿಕೊಂಡ. ಯಾವುದೆಂದು ನನಗೂ ಹೇಳಲಿಲ್ಲ.

ಆ ಸಂಜೆ ಬರೆದ ಪತ್ರ ನನ್ನ ಜೀವನದಲ್ಲೇ ಉದ್ದನೆಯ ಇಂಗ್ಲಿಷ್ ಪತ್ರ. ಮತ್ತೆ ನೋಡಿ ಖಚಿತಮಾಡಿಕೊಂಡ ಗುಲಾಬಿ ಕೊಕ್ಕು, ಅಜ್ಜನ ಮೂರು ವರ್ಷ, ಅವನು ಅದನ್ನು ಯಾಕೆ ಹೇಳಿರಲಿಲ್ಲ ಎಂಬುದನ್ನೂ ಬರೆದೆ. ನಡುವೆ ಎರಡು ಸಲ ಕರೆಂಟು ಹೋಗಿ ಎರಡು ಸಲ ಮೊದಲಿಂದ ಟೈಪ್ ಮಾಡಿದೆ. ಆವತ್ತು ಪಟ್ಟೆತಲೆಗಳನ್ನು ನಾನೇ ಎಣಿಸಿದ್ದೆ, ಪೂರಾ ಲೆಕ್ಕ ನನ್ನ ಬಳಿ ಇತ್ತು. ಅದನ್ನು ಟೈಪ್ ಮಾಡಿ, ಅಳಿಸಿ ಒಂದು ಕಡಿಮೆ ಮಾಡಿದೆ. ಕೆಳಗೆ ಷರಾ ಬರೆದೆ: ಈ ಕೆರೆಯ ಎಣಿಕೆಯಲ್ಲಿ ಯಾವಾಗಲೂ ಒಂದು ಹಕ್ಕಿಯನ್ನು ಬಿಟ್ಟಿರುತ್ತೇವೆ, ದಯವಿಟ್ಟು ಸೇರಿಸಿಕೊಳ್ಳಿ.

ಒಪ್ಪಿಗೆ ಬಂದ ದಿನ ಸೈಬರ್ ಸೆಂಟರಿನ ಮಾಲೀಕರು ಲಗ್ನಪತ್ರಿಕೆಗೆ ಬಂದಿದ್ದ ಬೀಗರನ್ನೆಲ್ಲ ಕಂಪ್ಯೂಟರಿನ ಮುಂದೆ ಎಳೆದು ನಿಲ್ಲಿಸಿದ್ದರು. "ನಮ್ಮ ಚುಕ್ಕಿ ನೋಡ್ರಿ, ನಮ್ಮ ಚುಕ್ಕಿ!" ಉತ್ತರವನ್ನು ಲಗ್ನಪತ್ರಿಕೆಯ ದಪ್ಪ ಕಾಗದದ ಮೇಲೆ ಅಚ್ಚು ಮಾಡಿಕೊಟ್ಟರು. ಮರುದಿನ ಕೆರೆಗೆ ಒಯ್ದು ಕೊಟ್ಟಾಗ ಅಜ್ಜ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಒಂದೇ ಮಾತು ಕೇಳಿದ: "ನಂದೊಂದು ಬಿಟ್ಟೀರಿಲ್ಲೋ?"

"ಬಿಟ್ಟೀನಿ, ಅಜ್ಜ."

ಮುಂದಿನ ಪೋಲಿಯೊ ಸುತ್ತಿನಲ್ಲಿ ಅದೇ ಊರಿನ ಒಂದು ಮನೆಯಲ್ಲಿ ಅಜ್ಜಿಯೊಬ್ಬಳು ಮೂರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ "ಇಷ್ಟ ನೋಡ್ರಿ" ಎಂದಳು. ಹಳೆಯ ಅಭ್ಯಾಸದಿಂದ ಗದರಿಸಲು ಬಾಯಿ ತೆರೆದಿದ್ದೆ. ಮುಚ್ಚಿದೆ.

"ಬಿಟ್ಟದ್ದನ್ನೂ ಕರೀರಿ, ಅಜ್ಜಿ," ಎಂದೆ. "ಎಣಸಂಗಿಲ್ಲ. ಹನಿ ಅಷ್ಟ ಹಾಕ್ತೀನಿ."

ಅಜ್ಜಿ ನನ್ನ ಮುಖವನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಒಳಗಿನ ಬಾಗಿಲು ಸರಿಸಿದಳು. ಎರಡು ವರ್ಷದ ಹುಡುಗಿ, ಬಾಯಿ ಆಗಲೇ ಅಗಲಿಸಿಕೊಂಡು, ಹೊರಗೆ ಬಂದಳು.