ಐನಾಪುರದ ಸೋಯಾ ಪಾವ್

ಬಾಡಿಗೆ ಮನೆಗೆ ಕಾಲಿಟ್ಟ ಮೊದಲ ಸಂಜೆಯೇ ಮನೆಯ ಒಡತಿ ಒಳಗೆ ಬಂದು ನಮ್ಮ ಪಾತ್ರೆಗಳನ್ನು ಒಂದೊಂದಾಗಿ ಎತ್ತಿ ಮೂಸಿ ನೋಡಿದರು. ತಪ್ಪಲೆ, ಬೋಗುಣಿ, ಸೌಟು, ಮುದ್ದೆ ತಿರುವುವ ಕೋಲು, ಯಾವುದನ್ನೂ ಬಿಡಲಿಲ್ಲ. ನನ್ನ ಹೆಂಡತಿ ಜಯಮ್ಮ ಗೋಡೆಗೆ ಒರಗಿ ನಿಂತು ನೋಡುತ್ತಿದ್ದಳು. ಕೊನೆಗೆ ಮೂಲೆಯಲ್ಲಿದ್ದ ಮಣ್ಣಿನ ಮಡಕೆ ಅವರ ಕೈಗೆ ಸಿಕ್ಕಿತು. ನಮ್ಮೂರಿನಿಂದ ಗೋಣಿಯಲ್ಲಿ ಸುತ್ತಿ ತಂದ, ಬಾಡಿನ ಸಾರಿಗೆಂದೇ ಇಟ್ಟುಕೊಂಡ ಮಡಕೆ. ಅವರು ಅದನ್ನು ಮೂಗಿನವರೆಗೆ ಒಯ್ಯಲಿಲ್ಲ. ಅರ್ಧಕ್ಕೇ ಕೈ ನಿಲ್ಲಿಸಿ, ಮೆಲ್ಲಗೆ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡರು.

"ಉಳಿದದ್ದೆಲ್ಲಾ ಇರಲಿ. ಇದೊಂದು ನಮ್ಮ ಜಾಗಾದಾಗ ಬ್ಯಾಡವ್ವಾ," ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಮಾಡಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲವೇನೋ.

ನಾನು ಹಾಸನ ಸೀಮೆಯವನು. ನಮ್ಮ ಕಡೆಯ ಹುಡುಗರು ಬೇಕರಿ ಕೆಲಸ ಕಲಿತು ನಾಡಿನ ಮೂಲೆಮೂಲೆಗೆ ಹೋಗಿ ಅಂಗಡಿ ಹಾಕುವುದು ನಿಮಗೆಲ್ಲ ಗೊತ್ತೇ ಇದೆ. ಎಂಬತ್ತರ ದಶಕದ ಕೊನೆಯಲ್ಲಿ ನನ್ನ ಪಾಲಿಗೆ ಬಂದದ್ದು ಅಥಣಿ ತಾಲ್ಲೂಕಿನ ಐನಾಪುರ. ಕೃಷ್ಣೆಯ ದಡದ ಕಬ್ಬಿನ ಸೀಮೆ, ಮಹಾರಾಷ್ಟ್ರದ ಮಿರಜ ಒಂದು ಬಸ್ಸಿನ ದೂರ. ಮನೆಯ ಮುಂಭಾಗದಲ್ಲಿ ಅಂಗಡಿ, ಹಿಂದೆ ಎರಡು ಕೋಣೆ, ಅದರಾಚೆ ಮನೆಯವರ ವಾಸ. ಮನೆಯ ಯಜಮಾನ ಪಾರೀಸಪ್ಪನವರು ಜೈನರು, ಕಬ್ಬಿನ ರೈತರು. ಅವರ ಹೆಂಡತಿಯೇ ಪಾತ್ರೆ ಮೂಸಿದವರು. ಊರಿಗೆಲ್ಲ ಅವರು ಕಾಕು. ಮರಾಠಿಯಲ್ಲಿ ಕಾಕು ಎಂದರೆ ಚಿಕ್ಕಮ್ಮ. ಗಡಿಯ ಜನ ಒಂದೇ ಉಸಿರಿನಲ್ಲಿ ಎರಡು ಭಾಷೆ ಆಡುತ್ತಾರೆ, ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತೆಂದು ನನಗೆ ಇಂದಿಗೂ ತಿಳಿಯುವುದಿಲ್ಲ.

ಬಾಡಿಗೆಗೆ ಕರಾರು ಎರಡೇ. ಬೇಕರಿಯಲ್ಲಿ ಮೊಟ್ಟೆ ಬಳಸಬಾರದು, ಹೊಸ್ತಿಲೊಳಗೆ ಖಂಡ ತರಬಾರದು. ಖಂಡ ಎಂದರೆ ನಮ್ಮ ಬಾಡು. ನಮ್ಮಜ್ಜಿ ಕಲಿಸಿದ ಮಾತಿನಲ್ಲಿ ಬಾಡು ಎಂದರೆ ಹಬ್ಬ, ನೆಂಟರು, ಒಲೆಯ ಸುತ್ತ ನಗು. ಇಲ್ಲಿ ಅದೇ ವಸ್ತುವಿನ ಹೆಸರನ್ನು ದನಿ ತಗ್ಗಿಸಿ ಹೇಳಬೇಕು. ನಮ್ಮೂರಲ್ಲಿ ರಾತ್ರಿ ಒಂಬತ್ತಕ್ಕೆ ಮುದ್ದೆ ಬೇಯುತ್ತದೆ. ಇಲ್ಲಿ ಮನೆಯವರದು ಹೊತ್ತು ಮುಳುಗುವ ಮೊದಲೇ ಊಟ. ದೀಪಕ್ಕೆ ಹಾರಿ ಬರುವ ಹುಳ ತಿಳಿಯದೆ ಬಾಯಿಗೆ ಹೋಗಬಾರದೆಂಬ ಎಚ್ಚರ. ಬಿಸಿಲು ಕೆಂಪಾಗುತ್ತಿದ್ದಂತೆ ಓಣಿಯಲ್ಲಿ ತಾಟುಗಳ ಸದ್ದು ಎದ್ದು, ಸ್ವಲ್ಪ ಹೊತ್ತಿಗೆ ಒಟ್ಟಿಗೆ ನಿಂತುಹೋಗುತ್ತಿತ್ತು. ಹುಳುವಿಗೂ ಇಷ್ಟು ಅಂಜುವ ಜನರ ನಡುವೆ ನಾವು ಎಂಥವರಾಗಿ ಕಾಣುತ್ತೇವೋ ಎಂದು ಜಯಮ್ಮ ಕೇಳಿದ್ದಳು. ಮಡಕೆಯನ್ನು, ನಮ್ಮನ್ನು ಬಿಡಲು ಬಂದು ಊರಿಗೆ ಹೊರಟಿದ್ದ ಷಡ್ಡಕನ ಕೈಯಲ್ಲಿ ಕಳಿಸಿಬಿಟ್ಟೆ.

ಮೈದಾ ತರಲು ಮಿರಜಕ್ಕೆ ಹೋದಾಗ ಖಾನಾವಳಿಯಲ್ಲಿ ಕೂತು ನಾನು ಮಟನ್ ತಿನ್ನುತ್ತಿದ್ದೆ. ಖಾನಾವಳಿ ಎಂದರೆ ಅಲ್ಲಿಯ ಊಟದ ಹೋಟೆಲು. ತಿಂದು ಬಾಯಿ ಮುಕ್ಕಳಿಸಿ, ಸೋಂಪು ಅಗಿದು, ಬೆರಳು ಮೂಸಿ ನೋಡಿಕೊಂಡೇ ಬಸ್ಸು ಹತ್ತುವುದು. ಜಯಮ್ಮನಿಗೆ ಅದೂ ಇರಲಿಲ್ಲ. ಅವಳು ಬಸುರಿಯಾದಾಗ ಬಯಕೆ ಬೇರೆಲ್ಲಿಗೂ ಹೋಗದೆ ನೇರ ಅಲ್ಲಿಗೇ ಹೋಯಿತು. ಊಟಕ್ಕೆ ಕೂತರೆ ರೊಟ್ಟಿ ಮುರಿದಿಟ್ಟು ಎದ್ದುಬಿಡುವಳು. "ಮಿರಜಕ್ಕೆ ಬಾ," ಅಂದರೆ, "ಈ ಹೊಟ್ಟೆ ಹೊತ್ಕಂಡು ಬಸ್ನಾಗೆ ಕುಲುಕಾಡಕ್ಕಾಗಲ್ಲ ಕಣ್ರೀ," ಅನ್ನುವಳು.

ಮಿರಜದ ಕಿರಾಣಿಯವನು ಒಂದು ದಿನ ಹೊಸ ಮಾಲು ತೋರಿಸಿದ. ಒಣಗಿದ ಬೆಂಡಿನಂಥ ಉಂಡೆಗಳು. ಸೋಯಾಬೀನ್ ವಡಿ, ನೀರಲ್ಲಿ ನೆನೆಸಿದರೆ ಮಾಂಸದ ಹಾಗೆ ಆಗುತ್ತದೆ, ಕಾಳಿನದೇ ಹಿಟ್ಟು, ಪಾಪವಿಲ್ಲ ಅಂದ. ಒಂದು ಪೊಟ್ಟಣ ತಂದೆ. ಬಿಸಿನೀರಿಗೆ ಹಾಕಿ ಹಿಂಡಿ, ಒರಳಲ್ಲಿ ಜಜ್ಜಿ, ನಮ್ಮೂರ ಬಾಡಿನ ಮಸಾಲೆ ಅರೆದು ಬೆರೆಸಿ, ಚಪ್ಪಟೆ ತಟ್ಟಿ ತವೆಯ ಮೇಲೆ ಕರಿದೆ. ಪಾವ್ ಎಂದರೆ ಅಲ್ಲಿಯ ಮೆತ್ತನೆಯ ಸಣ್ಣ ಬ್ರೆಡ್ಡು. ಅದನ್ನು ಸೀಳಿ, ನಡುವೆ ಇದನ್ನಿಟ್ಟು, ಹೆಚ್ಚಿದ ಈರುಳ್ಳಿ ಉದುರಿಸಿ ಕೊಟ್ಟೆ. ಜಯಮ್ಮ ಕಣ್ಣು ಮುಚ್ಚಿ ಕಚ್ಚಿದಳು. ಅಗಿದಳು. ಆಮೇಲೆ ಕಣ್ಣು ಬಿಟ್ಟಳು.

"ಮಸಾಲೆ ನಮ್ಮೂರ್ದೇಯ. ಒಳಗಿರೋದು ಯಾರ್ದೋ," ಅಂದಳು. ಆದರೂ ಪೂರ್ತಿ ತಿಂದಳು, ಇನ್ನೊಂದು ಕೇಳಿದಳು.

ಅಲ್ಲಿಗೆ ಬಿಟ್ಟಿದ್ದರೆ ಈ ಕಥೆ ಇರುತ್ತಿರಲಿಲ್ಲ. ಬೇಕರಿಯವನ ಕೈ ಸುಮ್ಮನಿರುತ್ತದೆಯೇ? ಶ್ರಾವಣ ಬಂತು. ಆ ಸೀಮೆಯ ಮಾಂಸ ತಿನ್ನುವ ಮನೆಗಳಲ್ಲೂ ಶ್ರಾವಣದಲ್ಲಿ ಒಲೆಗೆ ಖಂಡ ಏರುವುದಿಲ್ಲ. ತಿಂಗಳಿಡೀ ನಾಲಿಗೆ ಕಟ್ಟಿಕೊಂಡ ಗಂಡಸರು ನನ್ನ ಅಂಗಡಿಯ ಮುಂದೆ ನಿಂತು ಸೋಯಾ ಪಾವ್ ತಿಂದು ತಲೆಗೊಂದು ತೀರ್ಪು ಕೊಡತೊಡಗಿದರು. ಇದು ಶ್ರಾವಣದ ಮಟ್ಟಿಗೆ ದೇವರು ಕೊಟ್ಟದ್ದು ಎಂದು ಒಬ್ಬ. ಎಲುಬು ಚೀಪದೆ ತಿಂದದ್ದು ತಿಂದ ಲೆಕ್ಕಕ್ಕೆ ಬರುವುದಿಲ್ಲ ಎಂದು ಇನ್ನೊಬ್ಬ. ಕಬ್ಬಿನ ಲಾರಿಯ ಡ್ರೈವರನೊಬ್ಬ ನಿಂತಲ್ಲೇ ಮೂರು ತಿಂದು, "ಇದು ಖಂಡದ ಫೋಟೋ ಐತ್ರಿ ಬೇಕರಿಯವರ. ಗ್ವಾಡಿಗೆ ತೂಗ ಹಾಕಾಕ ಚಲೋ," ಎಂದು ನಗಿಸಿ ನಾಲ್ಕನೆಯದಕ್ಕೆ ಕೈ ಚಾಚಿದ. ಹೋಲುತ್ತದೆ ಎಂದವರನ್ನು ಕಂಡರೆ ನನಗೆ ಹಿಗ್ಗು. ಹೋಲುವುದಿಲ್ಲ ಎಂದವರಿಗಾಗಿ ಮಸಾಲೆ ತಿದ್ದಿದೆ, ಇನ್ನೂ ಒರಟಾಗಿ ಜಜ್ಜಿದೆ, ನಾರುನಾರಾಗಿ ಬರುವ ಹಾಗೆ ಮಾಡಿದೆ. ಕಾಕುಗೆ ಮೊದಲೇ ಕಾಳಿನದು ಎಂದು ಹೇಳಿ ವಡಿ ತೋರಿಸಿದ್ದೆ. ಅವರು ಕೈಯಲ್ಲಿ ಹಿಡಿದು ನೋಡಿ ಹೂಂ ಅಂದಿದ್ದರು. ಅದು ಮುಂದೆ ಯಾವ ರೂಪಕ್ಕೆ ಹೋಗುತ್ತದೆಂದು ಅವರು ಕೇಳಿರಲಿಲ್ಲ, ನಾನು ಹೇಳಿರಲಿಲ್ಲ.

ಭಾದ್ರಪದ ಬಂತು. ಜೈನರಿಗೆ ಅದು ದಶಲಕ್ಷಣ ಪರ್ವದ ಕಾಲ, ಉಪವಾಸ, ಪೂಜೆ, ವರ್ಷದಲ್ಲೇ ಅತ್ಯಂತ ಕಟ್ಟುನಿಟ್ಟಿನ ದಿನಗಳು. ಆ ಹೊತ್ತಿಗೇ ಪಾರೀಸಪ್ಪನವರ ದೂರದ ಸಂಬಂಧಿಯೊಬ್ಬ ಪರವೂರಿನಿಂದ ಬಂದವನು ಅಂಗಡಿಗೆ ಬಂದು, ಬೇರೆಯವರು ತಿನ್ನುವುದನ್ನು ನೋಡಿ ತನಗೂ ಒಂದು ಅಂದ. ಯಾರ ಪೈಕಿ ಎಂದು ನನಗೇನು ಗೊತ್ತು? ಕೊಟ್ಟೆ. ಒಂದು ತುತ್ತು ಕಚ್ಚಿದ. ಹಲ್ಲಿಗೆ ನಾರು ಸಿಕ್ಕಿರಬೇಕು. ಮುಖ ಬಿಳುಚಿತು. ಉಗುಳಿದ, ಬಾಯಿಗೆ ಬೆರಳು ಹಾಕಿ ಮತ್ತೆ ಮತ್ತೆ ಉಗುಳಿದ, ನಲ್ಲಿಯ ಕಡೆ ಓಡಿದ. ಕಾಳು, ಕಾಳು ಎಂದು ನಾನು ಅವನ ಹಿಂದೆ ಓಡಿದೆ. ಅವನು ಕೇಳುವ ಸ್ಥಿತಿಯಲ್ಲಿರಲಿಲ್ಲ. ಪರ್ವದಲ್ಲಿ ತನ್ನ ಬಾಯಿಗೆ ಖಂಡ ಹಾಕಿದರು ಎಂದು ಅವನು ಅಳುತ್ತಿದ್ದ, ನಿಜಕ್ಕೂ ಅಳುತ್ತಿದ್ದ.

ಸಂಜೆಯೊಳಗೆ ಮಾತು ಊರು ಸುತ್ತಿತು. ಮರುದಿನ ಬೆಳಿಗ್ಗೆ ಹಾಲಿನವನು ನಮ್ಮ ಬಾಗಿಲು ದಾಟಿ ಮುಂದೆ ಹೋದ. ನಲ್ಲಿಯಲ್ಲಿ ಜಯಮ್ಮನ ಕೊಡ ಕಂಡ ಹೆಂಗಸರು ತಮ್ಮ ಕೊಡ ಎತ್ತಿಕೊಂಡು ಸರಿದು ನಿಂತರಂತೆ. ಬೇಯಿಸಿದ ಬ್ರೆಡ್ಡು ಕಪಾಟಿನಲ್ಲೇ ಉಳಿಯಿತು. ಎದುರುಮನೆಯ ಕಟ್ಟೆಯ ಮೇಲೆ ಜನ ಕೂತು ಅಂಗಡಿಯನ್ನೇ ನೋಡುತ್ತಿದ್ದರು, ಯಾರೂ ಏನೂ ಅನ್ನುತ್ತಿರಲಿಲ್ಲ. ಬೈದರೆ ಉತ್ತರ ಕೊಡಬಹುದು. ನೋಟಕ್ಕೆ ಏನು ಕೊಡುವುದು? ಜಯಮ್ಮನಿಗೆ ತಿಂಗಳು ತುಂಬಿತ್ತು. ಈ ಮನೆ ಬಿಡಿ ಅಂದರೆ ಆ ಹೊಟ್ಟೆಯೊಂದಿಗೆ ಅವಳನ್ನು ಎಲ್ಲಿಗೆ ಕರೆದೊಯ್ಯಲಿ? ಈ ಹೆಸರು ಹೊತ್ತ ಮೇಲೆ ಅಥಣಿಯಲ್ಲಾಗಲಿ ಚಿಕ್ಕೋಡಿಯಲ್ಲಾಗಲಿ ಯಾರು ಅಂಗಡಿ ಕೊಟ್ಟಾರು? ಒಳಗೆ ಬಾಗಿಲು ಹಾಕಿಕೊಂಡು ಕೂತಿದ್ದೆವು. ಹೊರಗೆ ಯಾರಾದರೂ ಕೆಮ್ಮಿದರೂ ಅವಳ ಕೈ ನನ್ನ ತೋಳನ್ನು ಹಿಡಿಯುತ್ತಿತ್ತು.

ಮಧ್ಯಾಹ್ನ ಪಾರೀಸಪ್ಪನವರು ಹೇಳಿಕಳಿಸಿದರು. ಹೋದೆ. ಅವರ ಮನೆಯ ಕಟ್ಟೆಯ ಮೇಲೆ ಹಿರಿಯರು ಏಳೆಂಟು ಮಂದಿ. ಅವರ ಕಷ್ಟ ವಿಚಿತ್ರವಾದದ್ದು. ಅಲ್ಲಿ ಕೂತ ಒಬ್ಬರಿಗೂ ಖಂಡದ ರುಚಿ ಗೊತ್ತಿಲ್ಲ. ಇದು ಹೌದೋ ಅಲ್ಲವೋ ಎಂದು ಹೇಳಬೇಕಾದರೆ ತಿಂದು ಗೊತ್ತಿದ್ದವರೇ ಆಗಬೇಕು. ಹಾಗಾಗಿ ಇಬ್ಬರನ್ನು ಕರೆಸಿದ್ದರು. ಒಬ್ಬ ಊರಿನ ಮಟನ್ ಅಂಗಡಿಯ ದಸ್ತಗೀರಸಾಬ. ಇನ್ನೊಬ್ಬ ಕುರಿ ಕಾಯ್ದೇ ಮುದುಕನಾದ ಸಿದ್ದಪ್ಪ ಮುತ್ಯಾ. ಮುತ್ಯಾ ಎಂದರೆ ಅಜ್ಜ. ನಾನು ಅಲ್ಲೇ, ಎಲ್ಲರ ಕಣ್ಣೆದುರು, ಪೊಟ್ಟಣ ಒಡೆದು ವಡಿ ನೆನೆಸಿ, ಜಜ್ಜಿ, ತಟ್ಟಿ ಕರಿಯಬೇಕು. ಜೊತೆಗೆ ಹಿಂದಿನ ದಿನ ಉಳಿದಿದ್ದನ್ನೂ ಇಡಬೇಕು. ಇಬ್ಬರೂ ಎರಡನ್ನೂ ತಿಂದು ಹೇಳಬೇಕು.

ಸುರಿಯುವಾಗ ಎಣ್ಣೆ ತವೆಯಾಚೆ ಚೆಲ್ಲಿತು. ಅಷ್ಟು ದಿನ ಮಾಂಸದಂತಿದೆ ಎಂಬ ಮಾತಿಗೆ ಹಂಬಲಿಸಿದವನು ಈಗ ಕೆಟ್ಟದಾಗಿದೆ ಅನ್ನಲಿ, ಸಪ್ಪೆ ಅನ್ನಲಿ, ಬೆಂಡು ಅನ್ನಲಿ ಎಂದು ಮನೆದೇವರಿಗೆ ಹರಕೆ ಹೊರುತ್ತಿದ್ದೆ.

ದಸ್ತಗೀರಸಾಬ ಮೊದಲು ತಿಂದ. ಅವನ ಹಣೆಯಲ್ಲೂ ಬೆವರು. ಊರಲ್ಲಿ ಖಂಡ ಮಾರುವವನು ಅವನೊಬ್ಬನೇ. ಇದು ಖಂಡವಾದರೆ ಅವನ ಅಂಗಡಿಯಿಂದಲೇ ಬಂದದ್ದಾಗಬೇಕು.

"ಇಂವ ಒಂದಿನಾನೂ ನನ್ನ ಅಂಗಡಿಗೆ ಬಂದಿಲ್ರಿ ಪಾರೀಸಣ್ಣಾರ. ಮತ್ತ ಇದನ್ನ ಖಂಡ ಅಂದ್ರ ನಾಳಿಂದ ನಾ ಅಂಗಡಿ ಮುಚ್ಚಬೇಕ್ರಿ," ಅಂದ.

ಯಾರೋ ಹಿಂದಿನಿಂದ, ಅವನು ತನ್ನ ತಲೆ ಉಳಿಸಿಕೊಳ್ಳಲು ಹೇಳುತ್ತಿದ್ದಾನೆ ಅಂದರು. ಎಲ್ಲರೂ ಮುತ್ಯಾನ ಕಡೆ ತಿರುಗಿದರು. ಮುದುಕ ಇದ್ದ ನಾಲ್ಕಾರು ಹಲ್ಲುಗಳ ನಡುವೆ ತುಂಡನ್ನು ಆ ದವಡೆಯಿಂದ ಈ ದವಡೆಗೆ ದಾಟಿಸುತ್ತ ಅಗಿಯುತ್ತಲೇ ಇದ್ದ. ಮೊದಲನೆಯದು ಮುಗಿಸಿದ. ಎರಡನೆಯದು ಮುಗಿಸಿದ.

"ರುಚಿ ಐತಿ," ಅಂದ.

ಕಟ್ಟೆಯ ಮೇಲಿನವರೊಬ್ಬರು ಎದ್ದೇ ನಿಂತರು. ಮುತ್ಯಾ ಕೈ ಎತ್ತಿ ಕೂತುಕೊಳ್ಳಿ ಎಂದು ಸನ್ನೆ ಮಾಡಿ, ನೀರು ಕುಡಿದು, ಮೀಸೆ ಒರೆಸಿಕೊಂಡ.

"ರುಚಿ ಮಸಾಲೀದು. ನಾಲಗಿಗೆ ಮೋಸ ಆಗತೈತಿ, ಹಲ್ಲಿಗೆ ಆಗೂದುಲ್ಲ. ನಾ ಹುಟ್ಟಿದಾಗಿಂದ ಕುರಿ ಕಾದಾಂವ ಅದೀನಿ. ಇದು ಒಂದಿನಾನೂ ನಡದಾಡಿದ್ದಲ್ರೆಪಾ. ಎರಡೂ ಅಲ್ಲ."

ಯಾರೋ ನಕ್ಕರು. ಆ ನಗುವಿಗೆ ಕಟ್ಟೆ ಸಡಿಲವಾಯಿತು. ಪಾರೀಸಪ್ಪನವರು ಹೋಗಿ ಅಂಗಡಿ ತೆಗೆಯಪ್ಪಾ ಅಂದರು. ನಾನು ಏಳುವಷ್ಟರಲ್ಲಿ ಬಾಗಿಲ ಮರೆಯಲ್ಲಿ ನಿಂತಿದ್ದ ಕಾಕು ಮಾತಾಡಿದರು. ಗಂಡಸರ ಕಟ್ಟೆಯಲ್ಲಿ ಅವರು ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ಅದು ಖಂಡ ಅಲ್ಲ, ಒಪ್ಪಿದೆ. ಆದ್ರ ಮಾಡೂ ಮುಂದ ನಿನ್ನ ಮನಸಿನ್ಯಾಗ ಏನಿತ್ತಪ್ಪಾ?"

ನನಗೆ ಸುಳ್ಳು ಹೊಳೆಯಲಿಲ್ಲ. "ಬಾಡೇ ಇತ್ತು ಕಾಕು," ಅಂದೆ.

"ಹಿಟ್ಟಿನ ಕೋಳಿ ಮಾಡಿ ಕೊಯ್ದ್ರೂ ಕೊಯ್ದಂಗ ಅಂತ ನಮ್ಮ ಬಸದ್ಯಾಗ ಹೇಳ್ತಾರ. ಕಾಳು ತಿನ್ರಿ, ಯಾರು ಬ್ಯಾಡಂತಾರ. ಆ ರೂಪಾ ಬ್ಯಾಡ."

ಸೋಯಾ ಪಾವ್ ಅಂದಿಗೆ ನಿಂತಿತು. ದಸ್ತಗೀರಸಾಬ ಮಾತ್ರ ಬನ್ನು ಒಯ್ಯಲು ಬಂದಾಗಲೆಲ್ಲ ಗೊಣಗುತ್ತಿದ್ದ. ಅವನ ಹೆಂಡತಿಗೆ ಅದು ಬಹಳ ಸೇರಿತ್ತಂತೆ, ಮನೆಯಲ್ಲಿ ಖಂಡ ಕಂಡರೆ ಮುಖ ತಿರುಗಿಸುತ್ತಾಳಂತೆ. ಹಾಲು ಮತ್ತೆ ಬಂತು. ನಲ್ಲಿಯಲ್ಲಿ ಜಾಗ ಸಿಕ್ಕಿತು. ಆದರೆ ನನ್ನ ಎದೆ ಮೊದಲಿನಂತಾಗಲಿಲ್ಲ. ಮಿರಜದ ಖಾನಾವಳಿಗೆ ಹೋಗುವುದನ್ನು ಬಿಟ್ಟೆ. ಯಾರೋ ಐನಾಪುರದವರು ಪಕ್ಕದ ಮೇಜಿನಲ್ಲಿದ್ದಾರೆ ಎಂದು ತುತ್ತು ತುತ್ತಿಗೂ ಅನ್ನಿಸುತ್ತಿತ್ತು.

ಹೆರಿಗೆಯ ನೋವು ಬಂದಾಗ ಸೂಲಗಿತ್ತಿಯನ್ನು ಕರೆತಂದವರು ಕಾಕು. ಬಾಣಂತಿಗೆ ನೀರು ಕಾಯಿಸಿ ಹಾಕಿದವರೂ ಅವರೇ. ಮಗಳು ಸುಮಾ ಅಂಬೆಗಾಲಿಟ್ಟದ್ದು ನೇರ ಅವರ ಅಡಿಗೆಮನೆಗೆ. ಹೊರಗಿನವರು ಯಾರೂ ಕಾಲಿಡದ ಆ ಒಲೆಯ ಪಕ್ಕದಲ್ಲಿ ನಮ್ಮ ಮಗುವಿಗೊಂದು ಪುಟ್ಟ ಮಣೆ. ಹೊತ್ತು ಮುಳುಗುವ ಮುಂಚೆ ಅವರ ತಾಟಿನಲ್ಲೇ ಅವಳ ಊಟ. ಕಾಕು ತಾವೇ ವಡಿಯನ್ನು ಪಲ್ಯಕ್ಕೆ ಹಾಕುವುದು ಕಲಿತಿದ್ದರು, ರೂಪ ಕೆಡಿಸದೆ, ಉಂಡೆ ಉಂಡೆಯಾಗಿಯೇ. ಸಂಜೆ ಸುಮಾ ಕಾಕುವಿಗೆ ಹೇಳದ ಸುದ್ದಿ ನಮ್ಮ ಮನೆಯಲ್ಲಿ ಒಂದೂ ಇರಲಿಲ್ಲ.

ಅವಳಿಗೆ ನಾಲ್ಕು ತುಂಬಿದಾಗ ಊರಿಗೆ ಕರೆದೊಯ್ದೆವು. ಅವ್ವ ಮನೆಯಲ್ಲೇ ಸಾಕಿದ ಕುರಿಮರಿಯನ್ನು ನಾವು ಬರುತ್ತೇವೆಂದು ಕೊಯ್ಯಿಸಿದ್ದಳು. ಬೆಳಗಿನಿಂದ ಸೌದೆ ಒಲೆಯ ಮುಂದೆ ಕೂತು ಅರೆದು, ಬೇಯಿಸಿ, ಮುದ್ದೆ ಕಟ್ಟಿ, ನಮ್ಮೆಲ್ಲರನ್ನೂ ಸಾಲಾಗಿ ಕೂರಿಸಿ ಬಡಿಸಿದಳು. ಆ ಪರಿಮಳಕ್ಕೆ ಜಯಮ್ಮನ ಕಣ್ಣು ತುಂಬಿದ್ದು ನಾನು ನೋಡಿದೆ. ಸುಮಾ ತುಂಡೊಂದನ್ನು ಬೆರಳಿನಿಂದ ಒತ್ತಿ ನನ್ನ ಮುಖ ನೋಡಿದಳು.

"ಅಪ್ಪಾ, ಇದು ಸೋಯಾ ಐತೇನ್?"

ಮೊಮ್ಮಗಳ ಮಾತಿನ ಧಾಟಿಗೆ ಅವ್ವ ನಕ್ಕಳು, ಉತ್ತರ ಹೇಳಲು ಬಾಯಿ ತೆರೆದಳು. ನನಗೆ ಆ ಒಲೆಯ ಪಕ್ಕದ ಮಣೆ ಕಣ್ಣಿಗೆ ಕಟ್ಟಿತು. ಮಗು ಹೋಗಿ ಹೇಳಿದರೆ ಕಾಕು ಒಂದು ಮಾತೂ ಅನ್ನುವುದಿಲ್ಲ. ಮಣೆ ಮಾತ್ರ ಅಡಿಗೆಮನೆಯಿಂದ ಪಡಸಾಲೆಗೆ ಬರುತ್ತದೆ.

"ಹೌದು ಸುಮಾ, ಸೋಯಾ ಐತಿ. ತಿನ್ನು," ಅಂದೆ.

ಅವ್ವನ ಸೌಟು ನಿಂತಿತು. "ಏನಂದೆ ಮಗ?" ಎಂದು ಕೇಳಿದಳು. ನಾನು ತಲೆ ಎತ್ತಲಿಲ್ಲ. ಜಯಮ್ಮನೂ ಎತ್ತಲಿಲ್ಲ. ಸುಮಾ ಬಹಳ ಹೊತ್ತು ಅಗಿದು, ಕಾಕು ಮಾಡಿದ್ದು ಮೆತ್ತಗಿರುತ್ತದೆ ಎಂದು ತನ್ನ ಐನಾಪುರದ ಮಾತಿನಲ್ಲಿ ಹೇಳಿ, ಉಳಿದ ತುಂಡುಗಳನ್ನು ತಟ್ಟೆಯ ಅಂಚಿಗೆ ಸರಿಸಿದಳು. ಅವನ್ನು ನಾನೇ ಎತ್ತಿಕೊಂಡು ತಿಂದೆ. ಎಷ್ಟೋ ವರ್ಷದ ಮೇಲಿನ ಬಾಡು, ಅವ್ವನ ಕೈಯದು. ರುಚಿ ನೋಡಲೂ ಭಯವಾಗಿ ನುಂಗಿದೆ.

ಅವ್ವ ಇನ್ನೊಂದು ಸುತ್ತು ಬಡಿಸುತ್ತ ಬಂದಳು. ನನ್ನ ತಟ್ಟೆಯ ಹತ್ತಿರ ಬಂದು ಒಂದು ಗಳಿಗೆ ನಿಂತು, ಸೌಟು ಬಗ್ಗಿಸದೆ ಮುಂದಿನವರಿಗೆ ಹೋದಳು.