ತಾರಸಿಯ ಮೇಲಿನ ಬಂಗಡೆ

ನಾನು ಅಂಜುಬುರುಕ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಸುಲಭ. ಅಂಕೋಲೆಯ ಬಸ್ ಸ್ಟ್ಯಾಂಡಿನ ಹಿಂದೆ ನನ್ನದೊಂದು ಅಂಗಡಿ ಇದೆ. ಒಂದು ಕಂಪ್ಯೂಟರ್, ಒಂದು ಝೆರಾಕ್ಸ್ ಯಂತ್ರ, ಎರಡು ಪ್ಲಾಸ್ಟಿಕ್ ಕುರ್ಚಿ. ಜನರಿಗೆ ಅರ್ಜಿ ಬರೆದುಕೊಡುವುದು ನನ್ನ ಕೆಲಸ. ಪಹಣಿಯಲ್ಲಿ ತಪ್ಪಿದ ಹೆಸರು, ನಿಂತುಹೋದ ವಿಧವಾ ವೇತನ, ಗದ್ದೆಗೆ ನುಗ್ಗಿದ ಉಪ್ಪುನೀರು, ಇಂಥವು. ಭಾವಿಕೇರಿಯ ಗದ್ದೆಯವರ ಮನೆಯಲ್ಲಿ ಹುಟ್ಟಿ, ಕೆಸರಿಗಿಳಿಯಲು ಸೋಮಾರಿತನ ಮಾಡಿ ಈ ಕುರ್ಚಿ ಹಿಡಿದವನು ನಾನು. ಇಷ್ಟು ವರ್ಷಗಳಲ್ಲಿ ಕಲಿತ ವಿದ್ಯೆ ಒಂದೇ: ವಿವರವಿಲ್ಲದ ಅರ್ಜಿಯನ್ನು ಯಾವ ಸಾಹೇಬನೂ ಓದುವುದಿಲ್ಲ. ‘ನನಗೆ ತುಂಬಾ ಕಷ್ಟವಾಗಿದೆ’ ಎಂದು ಬರೆದರೆ ಅದು ನೇರವಾಗಿ ಕಸದ ಬುಟ್ಟಿಗೆ. ‘ಬಾವಿಯ ಪೂರ್ವಕ್ಕಿರುವ ಹಲಸಿನ ಮರದ ತನಕ ಉಪ್ಪುನೀರು ಬಂದಿದೆ’ ಎಂದು ಬರೆದರೆ ಸಾಹೇಬ ತಲೆ ಎತ್ತಿ ನೋಡುತ್ತಾನೆ.

ಇದು ನನ್ನ ಗೆಳೆಯನ ವಿಷಯ. ಗೆಳೆಯ ಎಂದರೆ ನಾನು ಪ್ರೀತಿಸುವ ಗಂಡಸು, ಹನ್ನೊಂದು ವರ್ಷದಿಂದ. ಈ ವಾಕ್ಯ ಬರೆದು ಎದ್ದುಹೋಗಿ ನೀರು ಕುಡಿದು ಬಂದೆ. ಅವನು ಕಾರವಾರದ ಕಡೆಯ ಮೀನುಗಾರರ ಮನೆಯವನು. ಊರು ಯಾವುದೆಂದು ಹೇಳುವುದಿಲ್ಲ, ಅವನ ಕೆಲಸವನ್ನೂ ಮುಂದೆ ಬರುವ ಮೀನಿನ ಜಾತಿಯನ್ನೂ ಸ್ವಲ್ಪ ಬದಲಿಸಿದ್ದೇನೆ. ಬೋಟಿನ ಇಂಜಿನ್ ರಿಪೇರಿಯಲ್ಲಿ ಅವನದು ಎತ್ತಿದ ಕೈ ಎಂದಿಟ್ಟುಕೊಳ್ಳಿ. ಮೂರು ವರ್ಷದ ಹಿಂದೆ ಸಮುದ್ರದಾಚೆಯ ಒಂದು ದೇಶದ ಬಂದರಿಗೆ ಕೆಲಸಕ್ಕೆ ಹೋದ. ಆ ದೇಶದ ಹೆಸರೂ ಬೇಡ.

ಅವನು ಹೋದ ಎರಡನೆಯ ವರ್ಷ ಅಲ್ಲಿ ಹೊಸ ಕಾನೂನು ಬಂತು. ಗಂಡಸು ಗಂಡಸಿನೊಂದಿಗೆ, ಹೆಂಗಸು ಹೆಂಗಸಿನೊಂದಿಗೆ ಇದ್ದರೆ ಜೀವಾವಧಿ ಶಿಕ್ಷೆ. ಗೊತ್ತಿದ್ದೂ ಪೊಲೀಸರಿಗೆ ತಿಳಿಸದವರಿಗೆ ಜೈಲು. ಅಂಥವರಿಗೆ ಮನೆ ಬಾಡಿಗೆಗೆ ಕೊಟ್ಟವರಿಗೂ ಜೈಲು. ಅಂಗಡಿಯಲ್ಲಿ ಯಾರದೋ ಆಧಾರ್ ಝೆರಾಕ್ಸ್ ತೆಗೆಯುತ್ತ ಫೋನಿನಲ್ಲಿ ಈ ಸುದ್ದಿ ಓದಿದೆ. ಒಂದು ಪ್ರತಿ ಕೇಳಿದವರಿಗೆ ಹದಿನಾಲ್ಕು ಪ್ರತಿ ತೆಗೆದುಕೊಟ್ಟೆ.

ಮರುವಾರದಿಂದ ಬೇರೆ ದೇಶಗಳು ಬೈಯಲು ಶುರುಮಾಡಿದವು. ಒಂದು ದೇಶ ಕೊಡುತ್ತಿದ್ದ ನೆರವನ್ನು ತಡೆಹಿಡಿಯುತ್ತೇವೆ ಎಂದಿತು. ಇನ್ನೊಂದು ಅಲ್ಲಿನ ಮಂತ್ರಿಗಳಿಗೆ ವೀಸಾ ಕೊಡುವುದಿಲ್ಲ ಎಂದಿತು. ಯಾವುದೋ ದೊಡ್ಡ ಬ್ಯಾಂಕು ಹೊಸ ಸಾಲ ನಿಲ್ಲಿಸಿತು. ನನಗೆ ಎಂಥ ಖುಷಿ ಎಂದರೆ, ಕ್ರಿಕೆಟ್ ಸ್ಕೋರ್ ನೋಡುವವರ ಹಾಗೆ ಗಂಟೆಗೊಮ್ಮೆ ಫೋನ್ ತೆಗೆದು ಈಗ ಯಾವ ದೇಶ ಬೈಯಿತು ಎಂದು ನೋಡುತ್ತಿದ್ದೆ.

ಕಂದಾಯ ಇಲಾಖೆಯಿಂದ ನಿವೃತ್ತರಾದ ಗುಮಾಸ್ತರೊಬ್ಬರು ದಿನಾ ಬೆಳಿಗ್ಗೆ ನನ್ನ ಅಂಗಡಿಯಲ್ಲಿ ಕೂತು ಪೇಪರ್ ಓದುತ್ತಾರೆ. ಪೇಪರ್ ನನ್ನದು, ಫ್ಯಾನು ನನ್ನದು, ಚಹಾವೂ ನನ್ನದೇ. ಅಭಿಪ್ರಾಯ ಮಾತ್ರ ಅವರದು. ಆ ಸುದ್ದಿ ಕನ್ನಡ ಪೇಪರಿನ ಒಳಪುಟದಲ್ಲಿ ಬಂದ ದಿನ ಕನ್ನಡಕ ಮೇಲಕ್ಕೇರಿಸಿ ನಕ್ಕರು.

“ನೋಡು ಮಾರಾಯ ಈ ಬಿಳಿಯರ ಕಥೆ. ರಾಜ್ಯ ಆಳುವಾಗ ಇಂಥಾ ಕಾನೂನು ಬರ್ದಿಟ್ಟವ್ರೂ ಇವರೇ, ಈಗ ಬ್ಯಾಡ ಹೇಳಿ ಬೈಯುದೂ ಇವರೇ. ಅಂದ ಹಾಗೆ, ನಮ್ಮಲ್ಲೂ ತೆಗ್ದು ಹಾಕಿದ್ರಲ್ಲ ಕೋರ್ಟಿನವ್ರು. ನೀ ಎಂತಾ ಹೇಳ್ತೆ?”

“ನಮಗೆಂತಕ್ಕೆ ಬಿಡಿ,” ಎಂದೆ. ಎದೆ ಎಷ್ಟು ಜೋರಾಗಿ ಬಡಿದುಕೊಳ್ಳುತ್ತಿತ್ತೆಂದರೆ ಅವರಿಗೆ ಕೇಳಿಸೀತೆಂದು ಝೆರಾಕ್ಸ್ ಯಂತ್ರ ಚಾಲೂ ಮಾಡಿದೆ.

ಮಧ್ಯಾಹ್ನ ಅವನಿಗೆ ಫೋನ್ ಮಾಡಿ ಇಂತಿಂಥ ದೇಶದವರು ಬೈದರು ಎಂದು ಹೇಳಿದರೆ ಅವನಿಗೆ ಸಂತೋಷವಿಲ್ಲ. ಸಿಟ್ಟು ಬಂತು.

“ಅವ್ರು ಅಲ್ಲಿ ಬೈತ್ರು, ಇಲ್ಲಿ ರೇಡಿಯೋದಲ್ಲಿ ಮತ್ತೆ ಸುರು. ಹೊರಗಿನವ್ರು ನಮ್ಗೆ ಬುದ್ಧಿ ಹೇಳುಕೆ ಬಂದ್ರು ಹೇಳಿ. ಮರುದಿನ ಪೊಲೀಸ್ರು ಯಾರ್ದಾದ್ರೂ ಬಾಗ್ಲು ತಟ್ಟುದೇ. ಮೊನ್ನೆ ನಮ್ಮ ಓಣಿಯಲ್ಲೇ ಇಬ್ರನ್ನ ಎಳ್ಕೊಂಡು ಹೋದ್ರು. ಸುಮ್ನೆ ಇರುಕೆ ಹೇಳ್ ರೇ ಅವ್ರಿಗೆ.”

“ಎಲ್ಲರೂ ಸುಮ್ನೆ ಇದ್ರೆ ಮತ್ತೆ ಎಂತಾ ಆಗುದು?”

“ಅದೂ ಹೌದು,” ಎಂದ. “ನಂಗೆ ಹೆದ್ರಿಕೆ ಆಗ್ತದೆ, ಅಷ್ಟೇ.”

ವಾಪಸ್ ಬಾ ಎಂದೆ. ಕೆಲಸದ ಕರಾರು ಮುಗಿಯಲು ಏಳು ತಿಂಗಳಿದೆ, ಮಧ್ಯದಲ್ಲಿ ಬಿಟ್ಟರೆ ಕಂಪನಿಯವರು ಪಾಸ್‌ಪೋರ್ಟ್ ಕೊಡಲು ಸತಾಯಿಸುತ್ತಾರೆ, ತಲೆ ತಗ್ಗಿಸಿಕೊಂಡು ಇದ್ದುಬಿಡುತ್ತೇನೆ ಎಂದ. ತಲೆ ತಗ್ಗಿಸಿಕೊಂಡೇ ಇದ್ದ. ತಪ್ಪು ಮಾಡಿದವನು ನಾನು.

ಹೊರದೇಶದ ಒಂದು ಸಂಸ್ಥೆ ಆ ಕಾನೂನಿನಿಂದ ತೊಂದರೆಗೊಳಗಾದವರ ಅನುಭವಗಳನ್ನು ಕೇಳಿ ಪ್ರಕಟಣೆ ಹಾಕಿತ್ತು. ಯುರೋಪಿನ ಒಂದು ದೇಶದ ಸಂಸತ್ತಿನ ಸಮಿತಿ ಅವನ್ನು ಕೇಳಿಸಿಕೊಂಡು, ಆ ದೇಶಕ್ಕೆ ನೆರವು ಮುಂದುವರಿಸಬೇಕೋ ಬೇಡವೋ ಎಂದು ತೀರ್ಮಾನಿಸುವುದಿತ್ತು. ಆಪ್ತರೂ ಬರೆಯಬಹುದು. ಹೆಸರು ಬೇಡ, ಗುರುತು ಸಿಗುವ ಯಾವ ವಿವರವೂ ಬೇಡ ಎಂದು ದಪ್ಪ ಅಕ್ಷರಗಳಲ್ಲಿ ಎಚ್ಚರಿಸಿದ್ದರು. ಅದನ್ನು ಓದಿದಾಗ ಇದು ನನಗಾಗಿಯೇ ಬಂದ ಕೆಲಸ ಅನ್ನಿಸಿತು. ಅರ್ಜಿ ಬರೆಯುವುದರಲ್ಲಿ ಈ ತಾಲೂಕಿನಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಕೊಬ್ಬೂ ಇತ್ತು.

ಮೂರು ದಿನ ಕೂತು ಇಂಗ್ಲಿಷಿನಲ್ಲಿ ಎರಡು ಪುಟ ಬರೆದೆ. ಅವನ ಹೆಸರು ತೆಗೆದೆ, ವಯಸ್ಸು ತೆಗೆದೆ, ಊರು, ಬಂದರು, ಕಂಪನಿ ಎಲ್ಲ ತೆಗೆದೆ. ಉಳಿದದ್ದನ್ನು ಓದಿದರೆ ಸಪ್ಪೆ. ‘ಅವನು ಸದಾ ಭಯದಲ್ಲಿ ಬದುಕುತ್ತಿದ್ದಾನೆ’ ಎಂಬ ಸಾಲು ನೋಡಿ ನನಗೇ ಆಕಳಿಕೆ ಬಂತು. ಇದು ಕಸದ ಬುಟ್ಟಿಗೇ ಹೋಗುವ ಅರ್ಜಿ. ಆಗ ಎರಡು ಸಾಲು ಸೇರಿಸಿದೆ. ಭಾನುವಾರ ಅವನು ಬಾಡಿಗೆ ಮನೆಯ ತಾರಸಿಯ ಮೇಲೆ ಬಂಗಡೆ ಮೀನಿಗೆ ಉಪ್ಪು ಸವರಿ ಒಣಗಿಸುತ್ತಾನೆ; ವಾಸನೆ ಎಂದು ಮೊದಲು ಜಗಳವಾಡಿದ ಮನೆಯೊಡತಿ ಈಗ ತಾನೇ ತಟ್ಟೆ ಹಿಡಿದು ಬರುತ್ತಾಳೆ. ಆ ಮುದುಕಿ ನಕ್ಕಾಗಲೆಲ್ಲ, ಇವಳಿಗೆ ಗೊತ್ತಾದರೆ ಎಂದು ಅವನ ಕೈ ನಡುಗುತ್ತದೆ.

ನಮ್ಮ ಕರಾವಳಿಯಲ್ಲಿ ಮೀನು ಒಣಗಿಸುವುದು ಬಟ್ಟೆ ಒಣಗಿಸಿದಷ್ಟೇ ಮಾಮೂಲು. ಕಾರವಾರದಿಂದ ಅಂಕೋಲೆಯ ತನಕ ಮೀನು ಒಣಗಿಸುವವರನ್ನು ಹಿಡಿಯಲು ಹೊರಟರೆ ಅರ್ಧ ಜಿಲ್ಲೆಯನ್ನೇ ಹಿಡಿಯಬೇಕು. ಅದೂ ಒಂದು ಗುರುತು ಎಂದು ನನಗೆ ಹೊಳೆಯಲೇ ಇಲ್ಲ. ಅವನಿದ್ದ ಆ ಬಂದರಿನ ಊರಿನಲ್ಲಿ ಮೀನನ್ನು ಹೊಗೆಗಿಟ್ಟು ಕಾಪಾಡುತ್ತಾರಂತೆ, ಬಿಸಿಲಿಗೆ ಒಣಗಿಸುವವರು ಯಾರೂ ಇಲ್ಲವಂತೆ. ಇದು ನನಗೆ ಆಮೇಲೆ ತಿಳಿಯಿತು.

ಅವನನ್ನು ಕೇಳಲಿಲ್ಲ. ಕೇಳಿದರೆ ಬೇಡ ಎನ್ನುತ್ತಾನೆಂದು ಗೊತ್ತಿತ್ತು.

ಕಾಗದವನ್ನು ಸಮಿತಿಯ ಎದುರು ಓದಿದರು. ಸಂಸ್ಥೆಯವರು ತಮ್ಮ ವೆಬ್‌ಸೈಟಿನಲ್ಲೂ ಹಾಕಿದರು. ಮುದುಕಿ ಮತ್ತು ಮೀನಿನ ಭಾಗ ಎಲ್ಲರ ಮನಸ್ಸು ಕರಗಿಸಿತು ಎಂದು ನನಗೆ ಬರೆದರು. ನಾನು ಎರಡು ದಿನ ಎದೆಯುಬ್ಬಿಸಿಕೊಂಡು ತಿರುಗಿದೆ. ಮೂರನೆಯ ದಿನ ಬೆಳಿಗ್ಗೆ ಅವನಿಂದ ಒಂದು ಫೋಟೋ ಬಂತು. ಅಲ್ಲಿನ ಪೇಪರಿನ ತುಂಡು. ಹೊರಗಿನವರ ಎದುರು ನಮ್ಮ ದೇಶದ ಮಾನ ಕಳೆಯುತ್ತಿದ್ದಾರೆ ಎಂದು ಬೈದು ಬರೆದ ಬರಹ, ಮಧ್ಯದಲ್ಲಿ ನನ್ನ ಎರಡು ಸಾಲು, ಪದ ಪದವೂ ನನ್ನದೇ. ಕೆಳಗೆ ಅವನು ಕೇಳಿದ್ದ: ‘ಇದು ನೀನಾ?’

ಹೌದು ಎಂದು ಬರೆದೆ. ಒಂದೇ ಟಿಕ್ ಬಿದ್ದು ನಿಂತಿತು, ಅವನಿಗೆ ಮುಟ್ಟಲಿಲ್ಲ. ಫೋನ್ ಮಾಡಿದೆ, ಸ್ವಿಚ್ ಆಫ್.

ಆಮೇಲಿನ ಒಂಬತ್ತು ದಿನ ಹೇಗೆ ಕಳೆದೆನೆಂದು ಸರಿಯಾಗಿ ಹೇಳಲಾರೆ. ಅಂಗಡಿಯ ಮುಂದೆ ಪೊಲೀಸ್ ಜೀಪು ನಿಂತರೆ, ಅದು ಇಲ್ಲಿಯ ಪೊಲೀಸು, ಇವರಿಗೂ ಆ ಕಾನೂನಿಗೂ ಸಂಬಂಧವಿಲ್ಲ ಎಂದು ಗೊತ್ತಿದ್ದರೂ ಬೆವರುತ್ತಿದ್ದೆ. ಅವರು ಚಹಾ ಕುಡಿಯಲು ನಿಂತವರು. ಸಂಸ್ಥೆಗೆ ಬರೆದೆ. ಅವರು ಗಾಬರಿಯಾಗಿ ಕ್ಷಮೆ ಕೇಳಿ ಆ ಸಾಲುಗಳನ್ನು ತೆಗೆದರು. ಅಷ್ಟರಲ್ಲಿ ಅದು ಎಲ್ಲೆಲ್ಲೋ ಹೋಗಿತ್ತು. ಬೇರೆ ಭಾಷೆಯ ಸೈಟುಗಳಲ್ಲೂ ನನ್ನ ಬಂಗಡೆ ಕಾಣಿಸಿಕೊಂಡಿತು. ಆ ಸಮಿತಿ ನೆರವು ನಿಲ್ಲಿಸಲು ಶಿಫಾರಸು ಮಾಡಿತೆಂಬ ಸುದ್ದಿಯೂ ಅದೇ ವಾರ ಬಂತು. ಗುಮಾಸ್ತರು ಅದನ್ನು ಗಟ್ಟಿಯಾಗಿ ಓದಿ ಹೇಳಿದರು. ನಾನು ಹಿಂದಿನ ಗೋಡೆಯ ಕಡೆ ತಿರುಗಿ ನಿಂತೆ.

ಐದನೆಯ ದಿನ ಅವನ ತಾಯಿಯನ್ನು ನೋಡಲು ಹೋದೆ. ಬಸ್ಸು ಅರ್ಗಾದ ಹತ್ತಿರ ನೌಕಾನೆಲೆಯ ಉದ್ದದ ಗೋಡೆಯ ಪಕ್ಕ ಹೋಗುವಾಗ, ಆ ಗೋಡೆ ಮುಗಿಯುವಷ್ಟರಲ್ಲಿ ಫೋನ್ ಬಂದರೆ ಅವನು ಬದುಕಿದ್ದಾನೆ ಎಂದು ಮನಸ್ಸಿನಲ್ಲೇ ಪಂಥ ಕಟ್ಟಿದೆ. ಗೋಡೆ ಮುಗಿಯಿತು.

ಅವನ ಆಯಿ ಕಾರವಾರದ ಮಾರುಕಟ್ಟೆಯಲ್ಲಿ ಮೀನು ಮಾರಿ ಆಗಷ್ಟೇ ಬಂದು ಅಂಗಳದಲ್ಲಿ ಕಾಲು ತೊಳೆಯುತ್ತಿದ್ದರು. ನನ್ನನ್ನು ಮಗನ ಜೀವದ ಗೆಳೆಯನೆಂದು ಬಲ್ಲರು. ಅದಕ್ಕಿಂತ ಹೆಚ್ಚು ಬಲ್ಲರೋ ಇಲ್ಲವೋ ಎಂದು ನಾವು ಯಾವತ್ತೂ ಕೇಳಿರಲಿಲ್ಲ.

“ಈ ಭಾನುವಾರ ಅಂವಂದು ಫೋನೇ ಇಲ್ಲ ತಮಾ. ನಿಂಗೆ ಮಾಡಿದ್ನಾ?”

“ಮಾಡಿದ್ದ ಆಯಿ. ನೆಟ್‌ವರ್ಕ್ ಸರಿ ಇಲ್ವಂತೆ.”

ಆ ಸುಳ್ಳನ್ನು ಎಷ್ಟು ಸಲೀಸಾಗಿ ಹೇಳಿದೆನೆಂದರೆ ಅವರ ಮುಖದಲ್ಲಿ ಕೂಡಲೇ ಗೆಲುವು ಬಂತು. ಒಳಗೆ ಹೋಗಿ ಅವಲಕ್ಕಿ ತಂದುಕೊಟ್ಟರು. ತಿಂದೆ. ಈ ಹೆಂಗಸಿನ ಮಗನನ್ನು ಕೊಂದವನು ನಾನೇ ಇರಬಹುದು ಎಂದುಕೊಳ್ಳುತ್ತ ಅವಲಕ್ಕಿ ತಿಂದೆ.

ಹತ್ತನೆಯ ದಿನ ಅವರೇ ಫೋನ್ ಮಾಡಿದರು. “ಅಂವ ಬಂದಾನೆ, ತಮಾ. ಒಂದು ಚೀಲ ಹಿಡ್ಕೊಂಡು ಬಂದಾನೆ. ಮಾತಿಲ್ಲ, ಕತೆಯಿಲ್ಲ. ನೀ ಬಾ.”

ಅಂಗಡಿಗೆ ಬೀಗ ಹಾಕಿದೆನೋ ಇಲ್ಲವೋ ನೆನಪಿಲ್ಲ. ಹೋದಾಗ ಮಧ್ಯಾಹ್ನ ಹನ್ನೆರಡಾಗಿತ್ತು. ಅವನು ಮನೆಯ ಹಿಂದೆ, ಬಾವಿಕಟ್ಟೆಯ ಮೇಲೆ ಕೂತಿದ್ದ. ಗಡ್ಡ ಬೆಳೆದಿತ್ತು. ಹಿಂದಿನ ಬೇಲಿಯ ಆಚೆ ಯಾರೋ ಮೋಟರ್‌ಸೈಕಲ್ ನಿಲ್ಲಿಸಿದ ಸದ್ದಾದಾಗ ತಟ್ಟನೆ ಎದ್ದು ನಿಂತ, ಆಮೇಲೆ ನಾಚಿಕೊಂಡವನಂತೆ ಕೂತ. ಅವನನ್ನು ನೋಡಿ ನನಗೆ ಅಳು ಬಂತು. ಅವನು ಅಳಲಿಲ್ಲ.

ನಡೆದದ್ದನ್ನು ಬಾವಿಯ ನೀರಿನ ಕಡೆ ನೋಡುತ್ತಲೇ ಹೇಳಿದ. ಪೇಪರ್ ಬಂದ ದಿನ ಮನೆಯೊಡತಿ ಅದನ್ನು ಹಿಡಿದುಕೊಂಡು ತಾರಸಿ ಹತ್ತಿ ಬಂದಳಂತೆ. ಕೂಗಾಡಲಿಲ್ಲ. ನನ್ನ ಮಗ ಸಂಜೆ ಬರುತ್ತಾನೆ, ಅವನಿಗೂ ಓದಲು ಬರುತ್ತದೆ, ಅಷ್ಟರೊಳಗೆ ಹೋಗು ಎಂದಳಂತೆ. ಚಾಪೆಯ ಮೇಲಿನ ಮೀನನ್ನೆಲ್ಲ ತಾನೇ ಬಾಚಿ ಚೀಲಕ್ಕೆ ತುಂಬಿ ಕಸದ ತೊಟ್ಟಿಯ ತಳಕ್ಕೆ ಹಾಕಿದಳಂತೆ. ಅವಳ ಕೈ ತನ್ನದಕ್ಕಿಂತ ಹೆಚ್ಚು ನಡುಗುತ್ತಿತ್ತು ಎಂದ. ಆಮೇಲೆ ಬಂದರಿನ ಗೋದಾಮಿನಲ್ಲಿ ಬಲೆಗಳ ರಾಶಿಯ ಹಿಂದೆ ಆರು ದಿನ. ಅಲ್ಲಿಯ ಒಬ್ಬ ಮೇಸ್ತ್ರಿ ಕಾರಣ ಕೇಳದೆ ಪಾಸ್‌ಪೋರ್ಟ್ ತಂದುಕೊಟ್ಟ. ವಿಮಾನ ಮೇಲೇಳುವ ತನಕ ಉಸಿರಾಡಲಿಲ್ಲ ಎಂದ.

“ತಪ್ಪಾಯ್ತು,” ಎಂದೆ. “ನಿನ್ನ ಒಳ್ಳೇದಕ್ಕೇ ಬರೆದೆ. ಜೀವ ತೆಗೀತಾರೆ ಅಂತ ಹೆದರಿ ಬರೆದೆ.”

“ಗೊತ್ತದೆ,” ಎಂದ. “ಕಾಗ್ದ ಪೂರಾ ತೋರ್ಸು. ನಾ ಎರಡೇ ಸಾಲು ನೋಡದ್ದು.”

ಫೋನ್ ತೆಗೆದು ಕೊಟ್ಟೆ. ಅವನ ಇಂಗ್ಲಿಷ್ ನಿಧಾನ. ಬೆರಳಿಟ್ಟು ಓದುತ್ತ ಹೋದ. ಎರಡು ಪುಟ ಮುಗಿಸಿ ಮತ್ತೆ ಮೇಲಿನಿಂದ ಶುರುಮಾಡಿದ. ನಾನು ಬೈಗುಳಕ್ಕೆ ತಯಾರಾಗಿ ನಿಂತಿದ್ದೆ. ಹೊಡೆದಿದ್ದರೂ ಹೊಡೆಸಿಕೊಳ್ಳುತ್ತಿದ್ದೆ.

“ಇದ್ರಲ್ಲಿ ನೀ ಎಲ್ಲಿದ್ದೆ ರೇ?” ಎಂದು ಕೇಳಿದ.

ಫೋನ್ ಇಸಿದುಕೊಂಡು ನೋಡಿದೆ. ನನ್ನ ಬಗ್ಗೆ ಇದ್ದದ್ದು ‘ಭಾರತದಲ್ಲಿರುವ ಒಬ್ಬ ಗೆಳೆಯ’ ಎಂಬ ಮೂರು ಪದ. ಮೊದಲು ಅಂಕೋಲೆಯನ್ನು ಬರೆದಿದ್ದೆ, ತೆಗೆದಿದ್ದೆ. ಬಸ್ ಸ್ಟ್ಯಾಂಡಿನ ಹಿಂದಿನ ಅಂಗಡಿಯನ್ನು ಬರೆದಿದ್ದೆ, ತೆಗೆದಿದ್ದೆ. ಸಮುದ್ರವನ್ನೂ ಗದ್ದೆಯನ್ನೂ ತೆಗೆದಿದ್ದೆ. ಕಳಿಸುವ ಮೊದಲು ಗುಮಾಸ್ತರ ಕಣ್ಣಿನಿಂದ ಒಮ್ಮೆ, ನನ್ನ ಅಣ್ಣನ ಕಣ್ಣಿನಿಂದ ಒಮ್ಮೆ, ಭಾವಿಕೇರಿಯವರ ಕಣ್ಣಿನಿಂದ ಒಮ್ಮೆ ಓದಿ, ಇದು ನಾನೆಂದು ಯಾರಿಗೂ ತಿಳಿಯದು ಎಂದು ಖಾತ್ರಿ ಮಾಡಿಕೊಂಡಿದ್ದೆ. ಜೈಲಿನ ಕಾನೂನು ಇದ್ದದ್ದು ಅವನಿದ್ದ ದೇಶದಲ್ಲಿ. ಆ ಮನೆಯೊಡತಿಯ ಕಣ್ಣಿನಿಂದ ಒಂದು ಸಲವೂ ಓದಿರಲಿಲ್ಲ.

ಇದನ್ನೆಲ್ಲ ಅವನಿಗೆ ಹೇಳಿದೆ. ಒಂದನ್ನೂ ಬಿಡದೆ ಹೇಳಿದೆ. ಅವನು ಕೇಳಿಸಿಕೊಂಡ.

ಅಷ್ಟರಲ್ಲಿ ಆಯಿ ಹಿಂಬಾಗಿಲಿಗೆ ಬಂದು, ಇಬ್ಬರಿಗೂ ತಟ್ಟೆ ಹಾಕಿದ್ದೇನೆ, ಬನ್ನಿ ಎಂದು ಕರೆದರು. ಅವನು ಬಾವಿಕಟ್ಟೆಯಿಂದ ಇಳಿದ. ನನ್ನ ಮುಖ ನೋಡಲಿಲ್ಲ.

“ಒಂದೇ ಸಾಕು ಆಯಿ,” ಎಂದ. “ಅಂವಂಗೆ ಬಸ್ಸಿಗೆ ಹೊತ್ತಾಯ್ತು.”

ಅಂಕೋಲೆಗೆ ಸಂಜೆಯ ತನಕ ಬಸ್ಸುಗಳಿದ್ದವು. ಅದು ನಮ್ಮ ಮೂವರಿಗೂ ಗೊತ್ತಿತ್ತು. ಹೌದು ಆಯಿ, ಹೊತ್ತಾಯ್ತು ಎಂದು ಹೇಳಿ ನಾನು ಚಪ್ಪಲಿ ಹಾಕಿಕೊಂಡೆ.